ಬಾಕಿ ಮುಟ್ಟಿಸಿ ಹೋಗೂದ್ರಿ

"ಹೋಗಾಕ ಯಾರ್ ಬ್ಯಾಡ ಅಂತಾರ್ರಿ ಅಕ್ಕಾರ? ಬಾಕಿ ಮುಟ್ಟಿಸಿ ಹೋಗೂದ್ರಿ."

ಸೋಮವಾರ ಮಧ್ಯಾಹ್ನ ಗದಗ ಜಿಲ್ಲೆಯಲ್ಲಿ ಹತ್ತಿಯಿಂದ ಕಾಳು ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕೇಳಿದ ಮಾತಿದು. ಇವತ್ತು ಗುರುವಾರ. ಧಾರವಾಡಕ್ಕೆ ವಾಪಸ್ ಬಂದು ಮೂರು ದಿನವಾದರೂ ರೊಟ್ಟಿ ಬಡಿಯುವಾಗ, ಸಂಜೆ ಅಡ್ಡಾಡಲು ಹೊರಟಾಗ, ನಡುರಾತ್ರಿ ಎಚ್ಚರವಾದಾಗ ಅದೇ ಮಾತು, ಅದೇ ದನಿ. ಆಕೆ ಅಳುತ್ತ ಹೇಳಲಿಲ್ಲ. ಸಿಟ್ಟೂ ಇರಲಿಲ್ಲ. ಹತ್ತಿಯ ರಾಶಿಯ ಬದಿಗೆ ಕೂತು ಒಣ ಎಲೆ, ಕಡ್ಡಿ, ಕೆಟ್ಟ ಹತ್ತಿ ಆರಿಸಿ ಬುಟ್ಟಿಗೆ ಹಾಕುತ್ತ, ಇಷ್ಟೂ ಗೊತ್ತಿಲ್ಲೇನು ಇವರಿಗೆ ಅನ್ನುವ ಹಾಗೆ ಹೇಳಿದಳು.

ನಾನು ಹೋದದ್ದು ದುಭಾಷಿಯಾಗಿ. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಮೇಲೆ ಇಂಥ ಕೆಲಸ ಆಗೊಮ್ಮೆ ಈಗೊಮ್ಮೆ ಬರುತ್ತದೆ. ಹೊರದೇಶದ ಬಟ್ಟೆ ಬ್ರ್ಯಾಂಡೊಂದು ತನ್ನ ಅಂಗಿಯ ಹತ್ತಿ ಎಲ್ಲಿಂದ ಬರುತ್ತದೆ, ಅದರಲ್ಲಿ ಯಾರದಾದರೂ ಬಲವಂತದ ದುಡಿಮೆ ಸೇರಿದೆಯೇ ಎಂದು ನೋಡಿ ಬರಲು ಒಬ್ಬ ಆಡಿಟರನನ್ನು ಕಳಿಸಿತ್ತು. ಮುಂಬೈ ಹುಡುಗ. ಮೂವತ್ತು ದಾಟಿರಲಿಕ್ಕಿಲ್ಲ. ಒಳ್ಳೆಯವನು, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯಿಂದ ಅಣ್ಣಿಗೇರಿ ದಾಟುವವರೆಗೂ ಕಾರಿನ ಕಿಟಕಿಗೆ ಮುಖ ಹಚ್ಚಿ ಎರಿ ಹೊಲ, ಬಿಳಿಜೋಳ, ಕಡಲೆ, ರಸ್ತೆ ಬದಿಯ ಜಾಲಿ ಮುಳ್ಳಿಗೆ ಸಿಕ್ಕಿಕೊಂಡ ಹತ್ತಿ, ಎಲ್ಲವನ್ನೂ ಕೇಳಿ ಕೇಳಿ ತಿಳಿದುಕೊಂಡ. ಫ್ಯಾಕ್ಟರಿಯಲ್ಲಿ ಮ್ಯಾನೇಜರ್ ಗಿರಮಿಟ್ಟು, ಮಿರ್ಚಿ ತರಿಸಿದರೆ, ಕೆಲಸ ಮುಗಿಯುವವರೆಗೆ ಏನೂ ತಿನ್ನುವುದಿಲ್ಲ ಎಂದು ಕೈ ಮುಗಿದ.

ಈ ಕಂಪನಿಗಳು ಈಗ ಗದಗಿನವರೆಗೆ ಬರುವುದಕ್ಕೆ ಕಾರಣವಿದೆ. ಚೀನಾದ ಶಿನ್‌ಜಿಯಾಂಗ್ ಪ್ರಾಂತದಲ್ಲಿ ಉಯ್ಘರ್ ಜನರನ್ನು ಬಲವಂತದಿಂದ ದುಡಿಸುತ್ತಾರೆಂದು, ಅಲ್ಲಿಯ ಹತ್ತಿ ಒಂದೆಳೆ ಸೇರಿದ್ದರೂ ಆ ಬಟ್ಟೆ ಒಳಗೆ ಬರುವಂತಿಲ್ಲ ಎಂಬ ಕಾನೂನು ಅಮೆರಿಕದಲ್ಲಿ 2022ರ ಜೂನ್‌ನಿಂದ ಜಾರಿಯಲ್ಲಿದೆ. ಜಗತ್ತಿನ ಹತ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಅಲ್ಲಿಯದೇ. ಬಲವಂತದ ದುಡಿಮೆ ಇಲ್ಲವೆಂದು ತೋರಿಸುವ ಹೊಣೆಯೂ ಬಟ್ಟೆ ತರಿಸಿಕೊಳ್ಳುವವನದು. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಬಲವಂತದ ದುಡಿಮೆಯಿಂದ ತಯಾರಾದ ಯಾವ ಸರಕನ್ನೂ ಮಾರಬಾರದೆಂಬ ನಿಯಮ 2027ರ ಡಿಸೆಂಬರ್ 14ರಿಂದ ಜಾರಿಗೆ ಬರುತ್ತದೆ. ಹೀಗಾಗಿ ಅಂಗಿ ಹೊಲಿದವರ ಹತ್ತಿರ ನಿಂತಿದ್ದ ತಪಾಸಣೆ ಬಟ್ಟೆ ನೇಯ್ದವರು, ನೂಲು ತೆಗೆದವರು ಎಂದು ಹಿಂದೆ ಹಿಂದೆ ಸರಿದು ಜಿನ್ನಿಗೆ ಬಂದಿದೆ. ಜಿನ್ನಿನಾಚೆಗೆ ದಾರಿ ಹಿಡಿಯುವುದು ಕಷ್ಟ. ಹತ್ತಾರು ಊರಿನ ಹತ್ತಿ ಇಲ್ಲಿ ಒಂದೇ ರಾಶಿಗೆ ಬೀಳುತ್ತದೆ. ಕಾಳು ಬೇರೆ, ಅರಳೆ ಬೇರೆಯಾಗಿ, ಅರಳೆ 170 ಕಿಲೋದ ಅಂಡಿಗೆಯಾಗಿ ಹೊರಬಿದ್ದ ಮೇಲೆ ಅದರಲ್ಲಿ ಯಾರ ಹೊಲದ್ದು ಎಷ್ಟು ಎಂದು ದೇವರಿಗೇ ಗೊತ್ತು. ಹುಡುಗ ಆವಕದ ರಜಿಸ್ಟರು, ಎಪಿಎಂಸಿ ಚೀಟಿ, ತೂಕದ ಚೀಟಿ ಒಂದೊಂದನ್ನೂ ತಾಳೆ ನೋಡಿದ. ಎರಡೂವರೆ ತಾಸು. ಹತ್ತಿಯ ಊರು ಅಷ್ಟು ಕಾಳಜಿಯಿಂದ ಹುಡುಕಿದವರನ್ನು ನಾನು ಕಂಡಿರಲಿಲ್ಲ.

ಆಮೇಲೆ ಕೂಲಿಗಳೊಂದಿಗೆ ಮಾತು. ಅದಕ್ಕೆ ಮುಕ್ಕಾಲು ತಾಸು.

ಆಕೆಗೆ ಮೂವತ್ತೈದು ಇರಬಹುದು. ತಲೆಗೆ ಕಟ್ಟಿದ ಬಟ್ಟೆ, ರೆಪ್ಪೆಯ ಮೇಲೆಲ್ಲ ಹತ್ತಿಯ ನಯ ಧೂಳು, ನಡುನಡುವೆ ಕೆಮ್ಮು. ಗಂಡ ಮಷಿನ್ನಿಗೆ ಹತ್ತಿ ಹಾಕುತ್ತಾನೆ. ಅದೇ ಜಿಲ್ಲೆಯವರೇ, ನಲವತ್ತು ಕಿಲೋಮೀಟರ್ ಆಚೆಯ ಊರಿನವರು. ಇರುವುದು ಕಂಪೌಂಡಿನ ಒಳಗಿನ ತಗಡಿನ ಖೋಲಿಯಲ್ಲಿ. ಆಡಿಟರ್ ಇಂಗ್ಲಿಷಿನಲ್ಲಿ ಓದಿದ್ದನ್ನು ನಾನು ಕನ್ನಡಕ್ಕೆ ತಂದೆ:

"ತಂಗಿ, ಇಲ್ಲಿ ಕೆಲಸ ಬ್ಯಾಡಾಗೇತಿ ಅಂದ್ರ ಬಿಟ್ಟು ಹೋಗಬಹುದೇನವಾ?"

ಅದಕ್ಕೆ ಆಕೆ ಕೊಟ್ಟ ಉತ್ತರ ಮೇಲೆ ಬರೆದೆನಲ್ಲ, ಅದು. ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಹುಡುಗ 4ನೇ ಪುಟದಲ್ಲಿ "ಹೌದು" ಎಂಬಲ್ಲಿ ಟಿಕ್ ಹಾಕಿದ. "ಬಾಕಿ ಮುಟ್ಟಿಸಿ ಅಂದಳಲ್ಲಪ್ಪ" ಅಂದೆ. ಸಾಲದ ವಿಷಯ 7ನೇ ಪುಟದಲ್ಲಿ ಬೇರೆ ಬರುತ್ತದೆ ಎಂದ. 7ನೇ ಪುಟದ ಪ್ರಶ್ನೆ: ಕಂಪನಿ ನಿಮಗೆ ಸಾಲವನ್ನಾಗಲಿ ಮುಂಗಡವನ್ನಾಗಲಿ ಕೊಟ್ಟಿದೆಯೇ? ಆಕೆ ಇಲ್ಲ ಅಂದಳು. ನಿಜವೇ. ದಸರಾಕ್ಕಿಂತ ಮೊದಲು ಮಾವನ ಆಪರೇಷನ್ನಿಗೆಂದು ಅರವತ್ತು ಸಾವಿರ ಕೊಟ್ಟವನು ಮುಕಾದಮ, ಅಂದರೆ ಕೂಲಿಗಳನ್ನು ಕರೆತಂದ ಗುತ್ತಿಗೆದಾರ. ಕಂಪನಿಗೂ ಆಕೆಗೂ ಕೊಡುಕೊಳ್ಳುವ ಲೆಕ್ಕವೇ ಇಲ್ಲ. "ಇಲ್ಲ" ಎಂಬಲ್ಲಿ ಇನ್ನೊಂದು ಟಿಕ್ ಬಿತ್ತು. ಎರಡು ಟಿಕ್ಕೂ ಖರೆ. ಎರಡೂ ಕೂಡಿ ಹೇಳಿದ್ದು ಮಾತ್ರ ಶುದ್ಧ ಸುಳ್ಳು.

ದಿನಕ್ಕೆ ಎಷ್ಟು ಪಗಾರ ಎಂದು ನಾನೇ ಕೇಳಿದೆ. ಕಾಗದದಲ್ಲಿ ಆ ಪ್ರಶ್ನೆ ಇತ್ತೋ ಇಲ್ಲವೋ ನೋಡಲಿಲ್ಲ. "ಅದು ಮುಕಾದಮಗ ಗೊತ್ರಿ. ವಾರಕ್ಕೊಮ್ಮೆ ಸಂತಿ ಖರ್ಚಿಗೆ ಕೊಡ್ತಾನ. ಉಳಿದದ್ದು ಬಾಕಿಗೆ ಮುರಕೊಂತಾನ." ಎಷ್ಟು ಮುರಿಯಿತು? ವಹಿ ಅವನ ಹತ್ತಿರ ಇದೆ. ಎಂದಾದರೂ ನೋಡಿದ್ದೀಯಾ? ನಕ್ಕಳು. ಆ ಮುಕಾದಮ ಬಾಗಿಲ ಬಳಿ ಮೋಟರ್‌ಸೈಕಲ್ಲಿಗೆ ಒರಗಿ ನಮ್ಮನ್ನೇ ನೋಡುತ್ತಿದ್ದ. ನನಗೆ ಕುರ್ಚಿ ತರಿಸಿದವನೂ ಅವನೇ. ಅವನ ಮರ್ಯಾದೆ ನನಗೆ ಹಿಡಿಸಲಿಲ್ಲ. ಆಕೆ ಪ್ರತಿ ಉತ್ತರಕ್ಕೂ ಮೊದಲು ಆ ಕಡೆ ಒಮ್ಮೆ ಕಣ್ಣು ಹಾಯಿಸುತ್ತಿದ್ದಳು. ಮ್ಯಾನೇಜರ್ ಕೆಟ್ಟ ಮನುಷ್ಯನೇನಲ್ಲ. ಆದರೆ ಕೂಲಿಯವರ ಮಾತೆತ್ತಿದರೆ ಸಾಕು, "ಅದೆಲ್ಲಾ ಗುತ್ತಿಗೆದಾರಂದ್ರಿ ಮೇಡಂ" ಎಂದು ಕೈ ಝಾಡಿಸುತ್ತಾರೆ. ಎರಡು ಕ್ವಿಂಟಲ್ ಹತ್ತಿಯ ಲೆಕ್ಕ ತಪ್ಪಿದರೆ ನಿದ್ದೆ ಮಾಡದ ಮನುಷ್ಯ, ಹದಿನೆಂಟು ಜನರ ಪಗಾರದ ಲೆಕ್ಕ ತನ್ನದಲ್ಲ ಎನ್ನುವುದು ಹೇಗೆ?

"ಬಾಕಿ ಮುಟ್ಟಿಸಿ ಹೋಗೂದು." ಈ ಮಾತು ನನ್ನನ್ನು ಇಷ್ಟು ಕಾಡುವುದಕ್ಕೆ ಇನ್ನೊಂದು ಕಾರಣವಿದೆ. ನಾನಿದನ್ನು ಮೊದಲು ಕೇಳಿದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ನಮ್ಮ ಅಪ್ಪನ ಬಾಯಲ್ಲಿ.

ನಮ್ಮದು ನವಲಗುಂದ ತಾಲೂಕು. ಮಲಪ್ರಭಾ ಕಾಲುವೆಯ ನೀರು, ಧಾರವಾಡದ ಸಂಶೋಧನಾ ಕೇಂದ್ರದಿಂದ 1972ರಲ್ಲಿ ಬಂದ ವರಲಕ್ಷ್ಮಿ ಹತ್ತಿ, ಎರಡೂ ನಮ್ಮ ಹೊಲಕ್ಕೆ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಒಂದಷ್ಟು ವರ್ಷ ಮನೆಯಲ್ಲಿ ರೊಕ್ಕ ಆಡಿತು. ಆಗ ನಮ್ಮಲ್ಲಿ ಸಂಬಳಕ್ಕಿದ್ದ ಆಳನ್ನು ನಾವು ಮಕ್ಕಳು ಕಾಕಾ ಅನ್ನುತ್ತಿದ್ದೆವು. ಯುಗಾದಿಯಿಂದ ಯುಗಾದಿಗೆ ಲೆಕ್ಕ. ಪ್ರತಿ ಯುಗಾದಿಗೂ ಅಪ್ಪ ವಹಿ ತೆಗೆದು ಓದುತ್ತಿದ್ದರು, ಪ್ರತಿ ಯುಗಾದಿಗೂ ಬಾಕಿ ಉಳಿಯುತ್ತಿತ್ತು. ಒಮ್ಮೆ ಕಾಕಾ ಹುಬ್ಬಳ್ಳಿಯ ಮಿಲ್ಲಿಗೆ ಹೋಗುತ್ತೇನೆಂದ. ಅಪ್ಪ ದನಿ ಏರಿಸಲಿಲ್ಲ. "ಹೋಗಪಾ, ನಿನ್ನ ಯಾರ್ ಹಿಡದಾರ? ಬಾಕಿ ಮುಟ್ಟಿಸಿ ಹೋಗು" ಅಂದರು. ಕಾಕಾ ದನದ ಕೊಟ್ಟಿಗೆಗೆ ಹೋದ. ಜೀತ ಪದ್ಧತಿ ರದ್ದು ಮಾಡಿದ ಕಾಯ್ದೆ ಬಂದದ್ದು 1976ರಲ್ಲಿ. ಇದು ನಡೆದದ್ದು ಅದಾಗಿ ಎರಡೋ ಮೂರೋ ವರ್ಷಕ್ಕೆ.

ಅಪ್ಪನನ್ನು ಕ್ರೂರಿ ಎಂದು ಬರೆಯಲು ನನ್ನಿಂದಾಗದು. ಹತ್ತಿಯ ಧಾರಣೆ ಬಿದ್ದು, ಮೇಲಿಂದ ಸರಕಾರ ನೀರಾವರಿಯ ಅಭಿವೃದ್ಧಿ ಕರ ಕೇಳಿ, 1980ರ ಜುಲೈ 21ರಂದು ನರಗುಂದ ನವಲಗುಂದದ ರೈತರು ಎದ್ದರಲ್ಲ, ಗೋಲಿಬಾರ್ ಆಯಿತಲ್ಲ, ಆ ಗುಂಪಿನಲ್ಲಿ ಅಪ್ಪನೂ ಇದ್ದರು. ಕೊಡಲಾಗದ ಬಾಕಿ ತಲೆಯ ಮೇಲೆ ಕೂತರೆ ಮನುಷ್ಯನಿಗೆ ಏನಾಗುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಕಾಕಾನ ಹೆಸರಿನ ವಹಿಗೆ ಅದನ್ನು ಅನ್ವಯಿಸಿ ನೋಡಲಿಲ್ಲ. ಕಾಕಾನೂ ತನ್ನನ್ನು ಯಾರೋ ಹಿಡಿದಿಟ್ಟಿದ್ದಾರೆ ಎಂದು ಎಲ್ಲೂ ಹೇಳಿದವನಲ್ಲ. ನಮ್ಮ ಕಡೆ ಬಾಕಿ ಅಂದರೆ ಮಾನ. ತೀರಿಸದೆ ಹೋದವನ ಮನೆಗೆ ಯಾರು ಹೆಣ್ಣು ಕೊಡುತ್ತಾರೆ? ಬೀಗ, ಕಾವಲುಗಾರ ಯಾಕೆ ಬೇಕು? ಈ ಮಾನವೇ ಬಾಗಿಲಿಗೆ ಅಡ್ಡ ನಿಂತಿರುತ್ತದೆ. "ನಿನ್ನನ್ನು ಬಲವಂತ ಮಾಡಿದ್ದಾರೆಯೇ" ಎಂದು ಕೇಳಿದರೆ ನಮ್ಮ ಜನ ಇಲ್ಲ ಎಂದೇ ಅನ್ನುತ್ತಾರೆ. ಸಾಲ ಕೊಟ್ಟವನನ್ನು ದೂರಿದಂತಾಗುತ್ತದಲ್ಲ ಎಂಬ ಸಂಕೋಚ ಅದರೊಳಗಿದೆ.

ವಾಪಸ್ ಬರುವಾಗ ಕಾರಿನಲ್ಲಿ ನನಗೆ ಸುಮ್ಮನಿರಲಾಗಲಿಲ್ಲ. ಹುಡುಗನಿಗೆ ಹೇಳಿದೆ: ನಮ್ಮ ದೇಶದ ಕಾನೂನಿಗೆ ಕೋಳ, ಸರಪಳಿ ಬೇಕಿಲ್ಲ. ಮುಂಗಡದ ಋಣಕ್ಕೆ ಬೇರೆ ಕಡೆ ದುಡಿಯುವ ಸ್ವಾತಂತ್ರ್ಯ ಹೋಯಿತೆಂದರೆ 1976ರ ಕಾಯ್ದೆ ಅದನ್ನು ಜೀತ ಎನ್ನುತ್ತದೆ, ಆ ಬಾಕಿ ತೀರಿಸುವ ಹೊಣೆಯನ್ನೇ ತೆಗೆದುಹಾಕುತ್ತದೆ. ದಿಲ್ಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟಿದ ಕೂಲಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ, ಹಸಿವಿಗೆ ಸಿಕ್ಕವನನ್ನು ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿದರೆ ಅದೂ ಬಲವಂತದ ದುಡಿಮೆಯೇ ಎಂದು. ಆಕೆಗೆ ತನ್ನ ಪಗಾರ ಎಷ್ಟೆಂದೇ ಗೊತ್ತಿಲ್ಲ, ನೀನು ಹೌದು ಎಂಬಲ್ಲಿ ಟಿಕ್ ಹಾಕಿದೆಯಲ್ಲ.

ಬಲವಂತದ ದುಡಿಮೆಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೇಳುವ ಹನ್ನೊಂದು ಗುರುತುಗಳು ಅವನಿಗೆ ಬಾಯಿಪಾಠ. ಸಾಲದ ಕಟ್ಟು, ತಡೆಹಿಡಿದ ಪಗಾರ, ದಾಖಲೆ ಕಸಿದಿಡುವುದು, ಎಲ್ಲ ತಾನೇ ಹೇಳಿದ. ಹೇಳುತ್ತ ಹೇಳುತ್ತ ಸಣ್ಣಗಾದ. ನಾಲ್ಕು ದಿನದಲ್ಲಿ ಮೂರು ಕಡೆ ಮುಗಿಸಬೇಕು ಮೇಡಂ, ಎಂದ. ಅವನ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು. ಅವನನ್ನು ಕಳಿಸಿದ ಕಂಪನಿಯ ಮೇಲಿನದು ಇಳಿದಿಲ್ಲ. ಅಂಗಿಗೆ ಇಷ್ಟೇ ದರ, ಇಷ್ಟೇ ದಿನ ಎಂದು ಅವರು ಮೇಲಿಂದ ಒತ್ತಿದ್ದು ಹೊಲಿಯುವವನಿಂದ ನೂಲಿನವನಿಗೆ, ಅವನಿಂದ ಜಿನ್ನಿನವನಿಗೆ ಇಳಿದು, ಕೊನೆಗೆ ಮುಕಾದಮನ ವಹಿಯಲ್ಲಿ ನಿಲ್ಲುತ್ತದೆ. ನಿಜವಾಗಿ ತಡೆಯುವ ಮನಸ್ಸಿದ್ದರೆ ಮುಕಾದಮನ ಕಮಿಷನ್ನನ್ನು ಫ್ಯಾಕ್ಟರಿ ಕೊಡಲಿ, ಅದನ್ನು ಸೇರಿಸಿ ದರ ಕಟ್ಟಲಿ. ಪಗಾರ ವಾರವಾರ ಆಕೆಯದೇ ಖಾತೆಗೆ ಬರಲಿ. ಮಾತನಾಡಿಸುವುದು ಸಂಜೆ, ಕಂಪೌಂಡಿನ ಹೊರಗೆ, ಹೆಣ್ಣುಮಕ್ಕಳ ಮೂಲಕ ಆಗಲಿ. ಎಲ್ಲಕ್ಕಿಂತ ಮೊದಲು ಆ ವಹಿಯನ್ನು ತೆರೆದು ಓದಲಿ. ಆವಕದ ರಜಿಸ್ಟರ್ ಎರಡೂವರೆ ತಾಸು ಓದಿದವರಿಗೆ ಇದು ದೊಡ್ಡ ಕೆಲಸವೇ?

ನಿನ್ನೆ ಅವನಿಂದ ಒಂದು ಕಾಗದ ಬಂತು. ಕೂಲಿಗಳ ಮಾತನ್ನು ಪೂರ್ತಿಯಾಗಿ, ನಿಷ್ಠೆಯಿಂದ ಅನುವಾದಿಸಿದ್ದೇನೆ ಎಂದು ನಾನು ಸಹಿ ಮಾಡಬೇಕಿತ್ತು. ಆಕೆಯ ಮಾತು ವರದಿಯಲ್ಲಿ ಕನ್ನಡದಲ್ಲೇ ಇರಬೇಕು, ಅದರ ಕೆಳಗೆ ಇಂಗ್ಲಿಷ್ ಬರಲಿ, ಅಲ್ಲಿಯವರೆಗೆ ಸಹಿ ಮಾಡುವುದಿಲ್ಲ ಎಂದು ಫೋನ್ ಮಾಡಿದೆ. ಆ ನಮೂನೆಯಲ್ಲಿ ಕನ್ನಡಕ್ಕೆ ಜಾಗವಿಲ್ಲ ಎಂದ. ಮಾಡಪ್ಪ ಅಂದೆ. ರಾತ್ರಿ ಹತ್ತಕ್ಕೆ ಮತ್ತೆ ಬಂತು. 4ನೇ ಪುಟದ ಟಿಕ್ ಹೋಗಿತ್ತು. ನಾನು ಬರೆದು ಕಳಿಸಿದ್ದ ಸಾಲು ಫೋಟೊ ಹಾಗೆ ಅಂಟಿಕೊಂಡಿತ್ತು: ಹೋಗಾಕ ಯಾರ್ ಬ್ಯಾಡ ಅಂತಾರ್ರಿ, ಬಾಕಿ ಮುಟ್ಟಿಸಿ ಹೋಗೂದ್ರಿ. ಕೆಳಗೆ ಅವನ ಟಿಪ್ಪಣಿ, ಮುಂಗಡದ ಲೆಕ್ಕದ ವಹಿ ಮಧ್ಯವರ್ತಿಯ ಬಳಿ ಇದೆ, ತಪಾಸಣೆಗೆ ಸಿಗಲಿಲ್ಲ ಎಂದು. ಸಹಿ ಮಾಡಿದೆ.

ಗದಗಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರು ಪುಕ್ಕಟೆ ಸಿಗುತ್ತಾರೆ. ಜೀತದ ದೂರು ನೋಡಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಸಮಿತಿ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಇವತ್ತೇ ಅರ್ಜಿ ಬರೆದು ಕೊಡಬಹುದು. ಆದರೆ ಆಕೆಯನ್ನು ಕೇಳದೆ ಕೊಟ್ಟರೆ, ಆಕೆಯ ಹೆಸರಿನಲ್ಲಿ ಇನ್ನೊಂದು ನಿರ್ಧಾರವನ್ನು ಇನ್ನೊಬ್ಬರು ಮಾಡಿದಂತಾಗುತ್ತದೆ.

ನಾಳೆ ಎಳ್ಳ ಅಮಾವಾಸ್ಯೆ. ಚರಗ ಚೆಲ್ಲಲು ಚಿಕ್ಕಪ್ಪನ ಮಗನ ಹೊಲಕ್ಕೆ ಹೋಗುವುದಿದೆ, ಆ ದಾರಿಯಲ್ಲೇ ಆ ಫ್ಯಾಕ್ಟರಿ. ಸಜ್ಜಿ ರೊಟ್ಟಿ, ಎಣಗಾಯಿಯ ಒಂದು ಬುತ್ತಿ ಹೆಚ್ಚಿಗೆ ಕಟ್ಟುತ್ತಿದ್ದೇನೆ. ಸೋಮವಾರ ಮಾತು ಮುಗಿಸಿ ಏಳುವ ಹೊತ್ತಿಗೆ, "ಅಮಾಸಿಗೆ ಊರಿಗೆ ಹೋಗ್ತೀಯೇನವಾ?" ಎಂದು ಕೇಳಿದ್ದೆ. ಹತ್ತಿ ಆರಿಸುವ ಕೈ ಒಂದು ಗಳಿಗೆ ನಿಂತಿತು.

"ಮುಕಾದಮಗ ಕೇಳೀನ್ರಿ. ಇನ್ನಾ ಏನೂ ಅಂದಿಲ್ಲ."