"ಸಿಕ್ತಾ?" ಅಂತ ಕೇಳೋರಿಗೆ

ಶಿರಸಿ ಕಡೆ ಮದುವೆ, ಉಪನಯನ, ಎಲ್ಲಿಗೇ ಹೋಗ್ಲಿ, ನಾನು ಸೂಪರ್‌ಕಂಡಕ್ಟರ್ ಮೇಲೆ ರಿಸರ್ಚ್ ಮಾಡೋದು ಗೊತ್ತಿದ್ದೋರು ಕೇಳೋದು ಒಂದೇ, "ಸಿಕ್ತಾ?" ಅಂದ್ರೆ ನಮ್ಮೂರ ಸೆಖೆಯಲ್ಲೂ ಒಂಚೂರೂ ನಷ್ಟ ಇಲ್ದೆ ಕರೆಂಟ್ ಹರಿಸೋ ವಸ್ತು ಸಿಕ್ತಾ ಅಂತ. ಈಗಿರೋ ಸೂಪರ್‌ಕಂಡಕ್ಟರ್‌ಗಳು ಹಾಗೆ ಹರಿಸೋದು ತುಂಬಾ ತಂಪು ಮಾಡಿದ್ರೆ ಮಾತ್ರ. ಇಲ್ಲ, ಸಿಕ್ಕಿಲ್ಲ. ನಾನು ಅದನ್ನ ಹುಡುಕ್ತಾನೂ ಇಲ್ಲ. ತಪ್ಪಿಸ್ಕೊಂಡ ಎಮ್ಮೆ ವಿಚಾರಿಸಿದ ಹಾಗೆ ಕೇಳ್ಬೇಡಿ.

2023ರ ಚೌತಿ, ಕುಮಟಾದಲ್ಲಿ ನೆಂಟರ ಮನೆ ಊಟದ ಪಂಕ್ತಿ. ಮಾವ ಮೊಬೈಲ್ ಮುಖಕ್ಕೆ ಹಿಡಿದು, "ತಮಾ, ಕೊರಿಯಾದವು ಕಂಡುಹಿಡದ್ವಡ, ನಿಂಗೆ ಇನ್ನೂ ಸಿಕ್ಕಿದ್ದಿಲ್ಯ?" ಅಂದ್ರು. ಎಲ್‌ಕೆ-99 ವಿಷಯ, ತಂಪು ಮಾಡದೇನೇ ಸೂಪರ್‌ಕಂಡಕ್ಟರ್ ಅಂತ ಕೊರಿಯಾದವರು ಹೇಳಿದ ವಸ್ತು, ಆ ಜುಲೈನಲ್ಲಿ ಎದ್ದ ಸುದ್ದಿ. ಅಷ್ಟೊತ್ತಿಗೆ ಎಷ್ಟೋ ಲ್ಯಾಬ್‌ನೋರು ಮಾಡಿ ನೋಡಿ ಆಗಿತ್ತು, ದಿಲ್ಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯವರಿಗೂ ಸೂಪರ್‌ಕಂಡಕ್ಟಿವಿಟಿ ಕಾಣಲಿಲ್ಲ, ರೆಸಿಸ್ಟೆನ್ಸ್, ಅಂದ್ರೆ ಕರೆಂಟಿಗೆ ವಸ್ತು ಒಡ್ಡೋ ಅಡ್ಡಿ, ದಿಢೀರ್ ಇಳಿದಿದ್ದು ಒಳಗೆ ಬೆರೆತಿದ್ದ ಕಾಪರ್ ಸಲ್ಫೈಡ್‌ನಿಂದ. ಇಷ್ಟು ಹೇಳೋದ್ರೊಳಗೆ ಪಕ್ಕದ ಎಲೆಯವರು, "ಹಂಗಾದ್ರೆ ಇಷ್ಟು ವರ್ಷ ಮಾಡಿದ್ದೆಂತ, ಕೈಗಾಕ್ಕೆ ಸೇರಿದ್ರೆ ಕ್ವಾರ್ಟರ್ಸ್ ಆದ್ರೂ ಸಿಗ್ತಿತ್ತು" ಅಂದ್ರು. ಸಿಟ್ಟೇ ಬಂತು. ಮಾವನ ಸೊಂಟದ ಎಂಆರ್‌ಐ ಮಂಗಳೂರಲ್ಲಿ ಆಗಿತ್ತಲ್ಲ, ಅವರು ಮಲಗಿದ್ದೇ ಸೂಪರ್‌ಕಂಡಕ್ಟರ್ ಸುರುಳಿ ಮಧ್ಯೆ, ನಯೋಬಿಯಂ-ಟೈಟಾನಿಯಂ ತಂತಿ, ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿದ್ದು. ಹೇಳಿದೆ. "ಹೌದಾ" ಅಂದು ತಂಬ್ಳಿ ಹಾಕಿಸ್ಕೊಂಡ್ರು.

ಉಪಯೋಗ ಎಂತ ಅನ್ನೋರಿಗೆ ಅಷ್ಟು ಸಾಕು.

ನನ್ನ ಕೇಳ್ಬೇಕಾದ್ದು ಬೇರೆ ಇದೆ. ಕಾಂತಗುಣ ಮತ್ತೆ ಸೂಪರ್‌ಕಂಡಕ್ಟಿವಿಟಿ ಒಂದೇ ವಸ್ತುವಿನಲ್ಲಿ ಹ್ಯಾಗೆ ಇರ್ತವೆ? ಇರಬಾರದು. ಎಲೆಕ್ಟ್ರಾನ್ ಒಂದೊಂದೂ ಪುಟ್ಟ ಕಾಂತದ ಹಾಗೆ, ಅದಕ್ಕೆ ಕಾರಣವಾದ ಗುಣವೇ ಸ್ಪಿನ್. ಸೂಪರ್‌ಕಂಡಕ್ಟಿವಿಟಿ ಯಾಕೆ ಆಗತ್ತೆ ಅಂತ ವಿವರಿಸಿದ 1957ರ ಬಿಸಿಎಸ್ ಸಿದ್ಧಾಂತದ ಪ್ರಕಾರ ಎಲೆಕ್ಟ್ರಾನ್‌ಗಳು ವಿರುದ್ಧ ಸ್ಪಿನ್ನಿನ ಜೋಡಿ ಕಟ್ಟಿಕೊಂಡ್ರೇ ಸೂಪರ್‌ಕಂಡಕ್ಟರ್, ಕಾಂತಕ್ಕೋ ಎಲ್ಲಾ ಸ್ಪಿನ್ನೂ ಒಂದೇ ದಿಕ್ಕಿಗೆ ಬೇಕು. 1977ರಲ್ಲಿ ಎರ್ಬಿಯಂ-ರೋಡಿಯಂ-ಬೋರಾನ್ ವಸ್ತುವಿನಲ್ಲಿ ಇದು ಸ್ಪಷ್ಟ ಕಾಣಿಸ್ತು, 8.7 ಕೆಲ್ವಿನ್‌ಗೆ (ಸೊನ್ನೆ ಕೆಲ್ವಿನ್ ಅಂದ್ರೆ ಮೈನಸ್ 273 ಡಿಗ್ರಿ) ಸೂಪರ್‌ಕಂಡಕ್ಟರ್ ಆಗಿದ್ದು 0.9 ಹತ್ರ ಒಳಗಿನ ಕಾಂತ ಎದ್ದ ಕೂಡ್ಲೇ ಮತ್ತೆ ಮಾಮೂಲಿ ಲೋಹ. ಆದ್ರೆ 1994ರಲ್ಲಿ ಮುಂಬೈಯ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್‌ನಲ್ಲಿ (ಟಿಐಎಫ್‌ಆರ್) ಆರ್. ನಾಗರಾಜನ್ ಮತ್ತೆ ಅವರ ಜೊತೆಯವರು ಯಿಟ್ರಿಯಂ, ನಿಕ್ಕಲ್, ಬೋರಾನ್, ಕಾರ್ಬನ್ ಸೇರಿಸಿದ ವಸ್ತುವಿನಲ್ಲಿ 12 ಕೆಲ್ವಿನ್ ಹತ್ರ ಸೂಪರ್‌ಕಂಡಕ್ಟಿವಿಟಿ ಕಂಡ್ರು. ಕಬ್ಬಿಣದ ಹಾಗೆ ಕಾಂತಗುಣದ ಲೋಹ ನಿಕ್ಕಲ್ ಇದ್ದೂ! ನಮ್ಮ ದೇಶದ ಲ್ಯಾಬ್‌ನಲ್ಲಿ ಆದ ಕೆಲಸ ಇದು, ಯಾವ ವಾಟ್ಸಾಪ್ ಗ್ರೂಪಿನಲ್ಲೂ ಬಂದಿದ್ದು ನಾನು ನೋಡಿಲ್ಲ.

ಅದೇ ಕುಟುಂಬದ ಸ್ಯಾಂಪಲ್ ನಾನೂ ಮಾಡ್ತೇನೆ. ನೀರು ಹರಿಸಿ ತಂಪಾಗಿಟ್ಟ ತಾಮ್ರದ ತಟ್ಟೆ, ಸುತ್ತ ಆರ್ಗಾನ್ ಗ್ಯಾಸ್, ಮೇಲಿಂದ ಟಂಗ್‌ಸ್ಟನ್ ಮೊನೆಯ ಕಿಡಿ. ಬೋರಾನ್ ಚೂರು ಕಾದ ಕೂಡ್ಲೇ ಚಟಕ್ಕಂತ ಹಾರತ್ತೆ, ಹಾರಿದ್ರೆ ತೂಕ ತಪ್ತು, ಮತ್ತೆ ಮೊದಲಿಂದ. ಕರಗಿ ಅಂಗಿ ಗುಂಡಿಯಷ್ಟು ದೊಡ್ಡ ಉಂಡೆ ಆದ್ಮೇಲೆ ಮಗುಚಿ ಮಗುಚಿ ಕರಗಿಸ್ಬೇಕು, ಎಲ್ಲಾ ಕಡೆ ಒಂದೇ ಸಮ ಆಗೋವರೆಗೆ. ಆಮೇಲೆ ಒಂದು ಚೂರು ಕತ್ತರಿಸಿ, ಮೈಕ್ರೋಸ್ಕೋಪ್ ಕೆಳಗೆ ರೆಸಿಸ್ಟೆನ್ಸ್ ಅಳೆಯೋಕೆ ಕೂದಲೆಳೆ ತಂತಿ ನಾಲ್ಕು, ಸಿಲ್ವರ್ ಪೇಂಟ್‌ನಲ್ಲಿ ಅಂಟಿಸಿ, ಉಸಿರು ಬಿಗಿಹಿಡಿದು.

ಯಿಟ್ರಿಯಂ ಜಾಗಕ್ಕೆ ಹೋಲ್ಮಿಯಂ ಹಾಕಿ, ಸಣ್ಣ ಕಾಂತಕ್ಷೇತ್ರದಲ್ಲಿ ತಂಪು ಮಾಡ್ತಾ ಹೋದ್ರೆ, 8 ಕೆಲ್ವಿನ್ ಹತ್ರ ಸ್ಕ್ರೀನ್ ಮೇಲಿನ ರೆಸಿಸ್ಟೆನ್ಸ್ ಗೆರೆ ಸೊನ್ನೆಗೆ ಬೀಳತ್ತೆ, 5ರ ಹತ್ರ ಹೋಲ್ಮಿಯಂನ ಪುಟ್ಟ ಕಾಂತಗಳು ಸಾಲು ಕಟ್ಟೋವಾಗ ಮತ್ತೆ ಏಳತ್ತೆ, ಇನ್ನೂ ತಂಪು ಮಾಡಿದ್ರೆ ಮತ್ತೆ ಸೊನ್ನೆ! ಬಿದ್ದು ಎದ್ದು ಬೀಳೋ ಆ ಗೆರೆ ಎಷ್ಟು ಸಲ ನೋಡಿದ್ರೂ ನಂಗೆ ಬೇಜಾರಾಗಿಲ್ಲ. ಎರ್ಬಿಯಂ ಹಾಕಿದ್ರೆ 11ರ ಹತ್ರ ಸೂಪರ್‌ಕಂಡಕ್ಟರ್, 6ರಲ್ಲಿ ಕಾಂತದ ಸಾಲು, ಆಮೇಲೆ ಎರಡೂ ಒಟ್ಟಿಗೇ ಇರ್ತವೆ. ಡಿಸ್ಪ್ರೋಸಿಯಂ ಹಾಕಿದ್ರೆ ಉಲ್ಟಾ, ಕಾಂತದ ಸಾಲು ಮೊದ್ಲು, 10ರ ಆಸುಪಾಸು, ಸೂಪರ್‌ಕಂಡಕ್ಟರ್ ಆಗೋದು 6ರ ಹತ್ರ. ಬದಲಾಗಿದ್ದು ಒಂದೇ ಧಾತು, ಉಳಿದದ್ದೆಲ್ಲ ಅದೇ. ಇದ್ಯಾಕೆ ಹೀಗೆ ಅಂತ ಕೇಳಿ, ಊಟ ಆರಿದ್ರೂ ಅಡ್ಡಿಲ್ಲ, ಕೂತು ಹೇಳ್ತೇನೆ.