ಮುಂದಿನ ಜಾತ್ರೆಗೆ ನೋಡನ

24 ಮಾರ್ಚ್ 2024, ಭಾನುವಾರ
ಶಿರಸಿ

ರಾತ್ರಿ ಹನ್ನೊಂದು ದಾಟಿದೆ. ಜಾತ್ರೆ ಪೇಟೆ ಸುತ್ತಿ ಕಾಲು ಸೋತಿದೆ, ಆದರೂ ನಿದ್ದೆ ಬರುತ್ತಿಲ್ಲ. ಪಕ್ಕದಲ್ಲಿ ಮಗ ಮಲಗಿದ್ದಾನೆ. ಅವನ ದಿಂಬಿನ ಹತ್ತಿರ ಒಂದು ತಗಡಿನ ದೋಣಿ ಇದೆ. ಒರೆಸಿ ಇಟ್ಟಿದ್ದರೂ ಕೊಬ್ಬರಿ ಎಣ್ಣೆಯ ವಾಸನೆ ಹೋಗಿಲ್ಲ. ಇವತ್ತಿನದನ್ನು ಇವತ್ತೇ ಬರೆದಿಡಬೇಕು ಅನ್ನಿಸಿತು.

ತವರಿಗೆ ಬಂದು ಮೂರು ದಿನವಾಯಿತು. ಮಾರಿಕಾಂಬಾ ಜಾತ್ರೆ ಬರುವುದೇ ಎರಡು ವರ್ಷಕ್ಕೊಮ್ಮೆ. ಹಾಗಾಗಿ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೆಲ್ಲ ನಮ್ಮ ಕಡೆ ತಪ್ಪದೆ ಕರೆಯುತ್ತಾರೆ. ಈ ಸಲ 19ಕ್ಕೆ ಶುರುವಾಗಿದೆ, 27ರವರೆಗೂ ಇದೆ. ಬುಧವಾರ ತೇರು ಎಳೆದು ದೇವಿಯನ್ನು ಬಿಡ್ಕಿಬೈಲಿನ ಗದ್ದುಗೆಗೆ ಕರೆತಂದರು. ಇವತ್ತು ಭಾನುವಾರ ಬೇರೆ. ಜನ ಅಂದರೆ ಜನ. ಮಗನ ಕೈ ಬಿಟ್ಟರೆ ಮತ್ತೆ ಸಿಗುವುದಿಲ್ಲ ಅನ್ನುವಷ್ಟು.

ದೇವಿಗೆ ಉಡಿ ತುಂಬಿಸಿದೆವು. ತೊಟ್ಟಿಲು ಹತ್ತಿದ್ದಾಯಿತು. ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಬಳೆ ತೊಡಿಸಿಕೊಳ್ಳಲು ಹೋಗಬೇಕಿತ್ತು. ಬಳೆ ಅಂಗಡಿಗಳ ಸಾಲಿಗೆ ತಿರುಗುವ ಮೂಲೆಯಲ್ಲೇ ಕೇಳಿಸಿತು. ಪುಟು ಪುಟು ಪುಟು ಪುಟು.

ಅಷ್ಟೊಂದು ಗದ್ದಲ. ಮೈಕು, ಪೀಪಿ, ತೊಟ್ಟಿಲಿನ ಕೂಗಾಟ. ಅದರ ನಡುವೆಯೂ ಆ ಸದ್ದು ನೇರ ನನ್ನ ಕಿವಿಗೇ ಬಂತು. ಒಂದು ಅಗಲ ತಗಡಿನ ಟಬ್ಬು. ಅದರಲ್ಲಿ ನೀರು. ನಾಲ್ಕು ದೋಣಿಗಳು ಒಂದರ ಹಿಂದೆ ಒಂದು ಸುತ್ತುತ್ತಿದ್ದವು. ಕೆಂಪು, ನೀಲಿ ಬಣ್ಣ. ನನಗೆ ನೆನಪಿದ್ದ ಹಾಗೇ ಇದ್ದವು. ಮಗನನ್ನು ಕೇಳದೇ ನಾನೇ ಒಂದನ್ನು ಕೊಂಡೆ.

ಈ ದೋಣಿಗಾಗಿ ನಾನು ಚಿಕ್ಕವಳಿದ್ದಾಗ ಎಷ್ಟು ಆಸೆ ಪಟ್ಟಿದ್ದೆ ಅಂತ ಇಲ್ಲಿಯವರೆಗೂ ಯಾರಿಗೂ ಪೂರ್ತಿ ಹೇಳಿರಲಿಲ್ಲ.

ನಾನಾಗ ಐದನೇ ಕ್ಲಾಸು. ದೊಡ್ಡಪ್ಪನ ಮಗ ಹಿಂದಿನ ಜಾತ್ರೆಯಲ್ಲಿ ಒಂದು ಪುಟುಪುಟು ದೋಣಿ ತಂದಿದ್ದ. ಅವರ ಬಚ್ಚಲಿನ ಕಲ್ಲುಬಾನಿಯಲ್ಲಿ ಅದನ್ನು ಬಿಡುತ್ತಿದ್ದ. ಮುಟ್ಟಲು ಕೊಡುತ್ತಿರಲಿಲ್ಲ. ನಾವೆಲ್ಲ ಬಾನಿಯ ಅಂಚಿಗೆ ಗಲ್ಲ ಊರಿ ನಿಂತು ನೋಡಬೇಕು. ಬಚ್ಚಲ ಒಲೆಯ ಹೊಗೆ, ಕತ್ತಲೆ. ಆ ಕತ್ತಲೆಯಲ್ಲಿ ಹೊಟ್ಟೆಯಲ್ಲಿ ದೀಪ ಇಟ್ಟುಕೊಂಡು ತಾನೇ ತಾನಾಗಿ ಹೋಗುವ ದೋಣಿ. ಕೀ ಇಲ್ಲ, ಸೆಲ್ ಇಲ್ಲ, ಯಾರೂ ತಳ್ಳುತ್ತಿಲ್ಲ. ಅದು ಬದುಕಿದೆ ಅಂತಲೇ ನನಗೆ ಅನ್ನಿಸುತ್ತಿತ್ತು.

ಬೇರೆ ಆಟದ ಸಾಮಾನಿಗೆ ನಮಗೇನೂ ಕೊರತೆ ಇರಲಿಲ್ಲ. ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಎಳೆಯುತ್ತಿದ್ದೆವು. ಸವೆದ ಹವಾಯಿ ಚಪ್ಪಲಿ ಕತ್ತರಿಸಿದರೆ ಗಾಡಿಗೆ ಗಾಲಿ ಆಯಿತು. ಬಿದಿರಿನ ಕೊಳವೆಗೆ ಕಾಯಿ ತುಂಬಿ ಹೊಡೆಯುವ ಪೆಟ್ಲು ಅಣ್ಣ ಮಾಡಿಕೊಡುತ್ತಿದ್ದ. ಆದರೆ ಇವೆಲ್ಲ ನಮ್ಮ ಕೈಯಿಂದ ಆಗುವಂಥವು. ದೋಣಿ ಹಾಗಲ್ಲ. ನಾನು ಹಾಳೆಯಲ್ಲಿ ದೋಣಿ ಮಾಡಿ, ಒಳಗೆ ದೀಪದ ಬತ್ತಿ ಹಚ್ಚಿಟ್ಟು ನೋಡಿದ್ದೇನೆ. ಅದು ನಿಂತಲ್ಲೇ ನಿಂತು, ಅಂಚು ಸುಟ್ಟುಕೊಂಡು, ಮುಳುಗಿತು.

ದುಡ್ಡು ಕೂಡಿಸಲು ಶುರು ಮಾಡಿದೆ. ತೋಟದ ಕಡೆಯವರಿಗೆ ಗೊತ್ತಿರುತ್ತದೆ, ಬಾವಲಿಗಳು ಹಣ್ಣಡಿಕೆಯ ಸಿಪ್ಪೆ ಚೀಪಿ ಅಡಿಕೆಯನ್ನು ಕೆಳಗೆ ಉದುರಿಸಿ ಹೋಗುತ್ತವೆ. ಬೆಳಿಗ್ಗೆ ಬೇಗ ಎದ್ದು ಮರದ ಬುಡದಲ್ಲಿ ಅದನ್ನು ಹೆಕ್ಕಿದರೆ ಅದು ಮಕ್ಕಳ ಪಾಲು. ಇಬ್ಬನಿಯಲ್ಲಿ ಕಾಲು ಜೋಮು ಹಿಡಿಯುತ್ತಿತ್ತು. ಬೆಟ್ಟದಲ್ಲಿ ಅಂಟುವಾಳದ ಕಾಯಿ ಆರಿಸಿದೆ. ಗೇರುಬೀಜ ಆಗಷ್ಟೇ ಶುರುವಾಗಿತ್ತು, ಅದನ್ನೂ ಆಯ್ದು ಮಾರಿದೆ. ಹಾರ್ಲಿಕ್ಸ್ ಬಾಟಲಿಯಲ್ಲಿ 18 ರೂಪಾಯಿ ಆಯಿತು. ದೋಣಿಗೆ 15.

ಜಾತ್ರೆಗೆ ಹೋದ ದಿನ ಆ ಅಂಗಡಿ ಮುಂದೆ ನಿಂತು ಅಪ್ಪಯ್ಯನ ಪಂಚೆ ಹಿಡಿದು ಜಗ್ಗಿದೆ. ದುಡ್ಡು ನನ್ನ ಹತ್ತಿರವೇ ಇದೆ ಅಂದೆ. ಅಪ್ಪಯ್ಯ ತುಂಬ ಹೊತ್ತು ನಿಂತಿದ್ದರು. ಅಂಗಡಿಯವನ ಹತ್ತಿರ ಏನೇನೋ ಮಾತಾಡಿದರು. ಕೊಡಿಸುತ್ತಾರೆ ಅಂತಲೇ ನಾನು ಬಾಟಲಿಯ ಮುಚ್ಚಳ ತೆಗೆದಿದ್ದೆ. ಆಮೇಲೆ ನನ್ನ ತಲೆ ಸವರಿ ಹೇಳಿದರು.

"ಮುಂದಿನ ಜಾತ್ರಿಗೆ ನೋಡನ, ತಂಗೀ."

ಆಯಿ ಬಳೆ ಪೇಟೆಗೆ ಕರೆದುಕೊಂಡು ಹೋದಳು. ಎರಡೂ ಕೈಗೆ ಹಸಿರು ಗಾಜಿನ ಬಳೆ. ಚೆಂದವೇ ಇದ್ದವು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ.

ದೊಡ್ಡಪ್ಪನ ಮಗನಿಗೆ ಸಿಕ್ಕಿತು, ನನಗೆ ಸಿಗಲಿಲ್ಲ. ದುಡ್ಡೂ ಇತ್ತು. ಅಂದಮೇಲೆ ಕಾರಣ ಒಂದೇ ಅಂತ ಅವತ್ತೇ ತೀರ್ಮಾನ ಮಾಡಿಕೊಂಡೆ. ನಾನು ಹುಡುಗಿ, ಅದಕ್ಕೇ. ಮುಂದಿನ ಜಾತ್ರೆ ಬಂದಾಗ ನನಗೆ ಏಳನೇ ಕ್ಲಾಸಿನ ಪರೀಕ್ಷೆ. ನಾನೂ ಕೇಳಲಿಲ್ಲ, ಅಪ್ಪಯ್ಯನೂ ಎತ್ತಲಿಲ್ಲ.

ಆಮೇಲೆ ಆಸೆಗಳು ಬೇರೆ ಆದವು. ಬಂಗಾರದ ಬಣ್ಣದ ಟೋಪಿಯ ಹೀರೋ ಪೆನ್ನು ಬೇಕಿತ್ತು, ಮೇಡ್ ಇನ್ ಚೈನಾ ಅಂತ ಬರೆದಿದ್ದು. ಅದು ಸೋದರಮಾವನಿಂದ ಸಿಕ್ಕಿತು. ಬಿಎಸ್‌ಎ ಎಸ್‌ಎಲ್‌ಆರ್ ಸೈಕಲ್ ಬೇಕಿತ್ತು. ಅದು ಸಿಗಲಿಲ್ಲ. ಅಣ್ಣನ ದೊಡ್ಡ ಸೈಕಲ್ಲಿನಲ್ಲೇ ಒಳಪೆಡಲ್ ಹೊಡೆದು ಕಲಿತೆ.

ಎಚ್‌ಎಂಟಿ ವಾಚಿನದು ಮಾತ್ರ ಸ್ವಲ್ಪ ಹೇಳಬೇಕು. ಎಸ್‌ಎಸ್‌ಎಲ್‌ಸಿ ಪಾಸಾದರೆ ವಾಚು ಅನ್ನುವುದು ಆಗ ನಮ್ಮಲ್ಲಿ ಅರ್ಧ ಊರಿನ ಮಾತು. ಅಣ್ಣನಿಗೆ ಹಾಗೇ ಬಂದಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅದಕ್ಕೆ ಕೀ ಕೊಡುವುದು, ಕಿವಿಗೆ ಹಿಡಿದು ನೋಡುವುದು. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಶುರು ಮಾಡಿದ ವಾಚು ಅದು. ನಮ್ಮ ರಾಜ್ಯದ್ದೇ ಅನ್ನುವ ಹೆಮ್ಮೆಯೂ ಇತ್ತು. ನನ್ನ ರಿಸಲ್ಟ್ ಬಂದ ಮಾರನೇ ವಾರ ಅಪ್ಪಯ್ಯ ಪೇಟೆಯಿಂದ ಬಂದು ಜೇಬಿನಿಂದ ಚಿಕ್ಕ ಡಬ್ಬಿ ತೆಗೆದರು. ಹೆಂಗಸರ ವಾಚು, ಬಿಳಿ ಡಯಲ್ಲು, ಕರಿ ಪಟ್ಟಿ. ಅದು ಈಗಲೂ ನನ್ನ ಹತ್ತಿರ ಇದೆ. 2016ರಲ್ಲಿ ವಾಚು ತಯಾರಿಕೆ ಮುಚ್ಚಿದರು ಅಂತ ಓದಿದ ದಿನ ಅದಕ್ಕೆ ಕೀ ಕೊಟ್ಟು ಕಟ್ಟಿಕೊಂಡು ಆಫೀಸಿಗೆ ಹೋಗಿದ್ದೆ.

ಹುಡುಗಿ ಅಂತ ಭೇದ ಮಾಡುವ ಅಪ್ಪ ಹಾಗೆ ವಾಚು ತರುತ್ತಿದ್ದರಾ? ಈ ಪ್ರಶ್ನೆ ನನಗೆ ಆಗ ಹೊಳೆಯಲೇ ಇಲ್ಲ. ದೋಣಿಯ ನೋವು ಒಂದು ಕಡೆ, ವಾಚಿನ ಸಂತೋಷ ಒಂದು ಕಡೆ, ಬೇರೆ ಬೇರೆಯಾಗೇ ಉಳಿದವು.

ಇವತ್ತು ಸಂಜೆ ಮನೆಗೆ ಬಂದು ಮಗ ದೋಣಿ ಹಿಡಿದು ಸೀದಾ ಬಚ್ಚಲಿಗೆ ಓಡಿದ. ಬಚ್ಚಲು ಈಗ ಹೊಸದು, ಆದರೆ ಹಳೇ ಕಲ್ಲುಬಾನಿಯನ್ನು ಹೊರಗೆ ಬಾವಿಕಟ್ಟೆ ಹತ್ತಿರ ಇಟ್ಟಿದ್ದಾರೆ. ಅದಕ್ಕೇ ನೀರು ತುಂಬಿದೆವು. ಚಿಕ್ಕ ತಗಡಿನ ತಟ್ಟೆಯಲ್ಲಿ ಹತ್ತಿ ಬತ್ತಿ, ನಾಲ್ಕು ಹನಿ ಎಣ್ಣೆ. ಹಚ್ಚಿ ದೋಣಿಯ ಒಳಗೆ ತಳ್ಳಿದೆ. ಕಾದೆವು. ಏನೂ ಆಗಲಿಲ್ಲ. ಮಗನ ಮುಖ ಸಣ್ಣಗಾಯಿತು.

ಅಪ್ಪಯ್ಯ ಜಗಲಿಯಲ್ಲಿ ಕೂತಿದ್ದರು. 79 ವರ್ಷ. ಮೊಣಕಾಲು ನೋವು, ಕರೆದರೂ ಸುಲಭಕ್ಕೆ ಏಳುವುದಿಲ್ಲ. ತಾವೇ ಕೋಲು ಹಿಡಿದು ಎದ್ದು ಬಂದರು.

"ನಳಿಗೆಗೆ ನೀರು ತುಂಬವು, ಅಪ್ಪಿ. ಒಣಾ ನಳಿಗೆ ಇದ್ರೆ ಹೋಗ್ತಿಲ್ಲೆ."

ದೋಣಿಯನ್ನು ಮಗುಚಿ ಕೈಯಲ್ಲಿ ಹಿಡಿದರು. ಹಿಂಭಾಗದಲ್ಲಿ ಎರಡು ಸಣ್ಣ ನಳಿಗೆಗಳು ಇರುತ್ತವೆ. ಒಳಗೆ ಎರಡೂ ಒಂದು ಚಪ್ಪಟೆ ಪೆಟ್ಟಿಗೆಗೆ ಸೇರಿರುತ್ತವೆ. ಅಪ್ಪಯ್ಯ ತಮ್ಮ ಕಣ್ಣಿನ ಔಷಧಿಯ ಖಾಲಿ ಬಾಟಲಿ ತರಿಸಿ, ತೊಳೆದು, ನೀರು ಹೀರಿಸಿ, ಒಂದು ನಳಿಗೆಗೆ ಹನಿ ಹನಿಯಾಗಿ ಬಿಟ್ಟರು. ಕೈ ನಡುಗುತ್ತಿತ್ತು. ಒಂದು ಹನಿ ಹೊರಗೆ, ಒಂದು ಹನಿ ಒಳಗೆ. ಇನ್ನೊಂದು ನಳಿಗೆಯಿಂದ ನೀರು ಉಕ್ಕುವವರೆಗೂ ಬಿಡಲಿಲ್ಲ. ಆಮೇಲೆ ಎರಡೂ ಬಾಯಿಗೆ ಬೆರಳು ಒತ್ತಿ ಹಿಡಿದು, ನೀರಿನೊಳಗೆ ಇಳಿಸಿಯೇ ಬೆರಳು ತೆಗೆದರು.

ಮತ್ತೆ ಬತ್ತಿ ಹಚ್ಚಿದೆ. ಅರ್ಧ ನಿಮಿಷ. ಮೊದಲು ಒಂದು ಸಣ್ಣ ಟಪ್. ಆಮೇಲೆ ಇನ್ನೊಂದು. ಆಮೇಲೆ ಹೊರಟಿತು ನೋಡಿ.

ಪೆಟ್ಟಿಗೆಯೊಳಗಿನ ನೀರು ಕಾದು ಆವಿಯಾಗುತ್ತದೆ, ನಳಿಗೆಯ ನೀರನ್ನು ಹಿಂದಕ್ಕೆ ತಳ್ಳುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ. ಆವಿ ತಣ್ಣಗಾದ ಕೂಡಲೇ ನೀರು ಮತ್ತೆ ಒಳಗೆ ಬರುತ್ತದೆ. ಹೊರಗೆ ಹೋಗುವಾಗ ಒಂದೇ ದಿಕ್ಕಿಗೆ ಚಿಮ್ಮುತ್ತದೆ, ಒಳಗೆ ಬರುವಾಗ ಸುತ್ತಲಿಂದಲೂ ಬರುತ್ತದೆ, ಹಾಗಾಗಿ ದೋಣಿ ಹಿಂದಕ್ಕೆ ಬರುವುದಿಲ್ಲ. ಪೆಟ್ಟಿಗೆಯ ಮೇಲಿನ ತೆಳು ತಗಡು ಉಬ್ಬಿ ಕುಗ್ಗುವುದೇ ಆ ಪುಟುಪುಟು ಸದ್ದು. 1891ರಲ್ಲೇ ತೋಮಾ ಪಿಯೋ ಅನ್ನುವ ಫ್ರೆಂಚರು ಬ್ರಿಟನ್ನಿನಲ್ಲಿ ಇಂಥ ದೋಣಿಗೆ ಪೇಟೆಂಟ್ ಕೇಳಿದ್ದರಂತೆ. ಇದನ್ನೆಲ್ಲ ಈಗ ಮೊಬೈಲ್ ನೋಡಿ ತಿಳಿದುಕೊಂಡೆ. ಆದರೆ ಅಪ್ಪಯ್ಯನಿಗೆ ಹೇಗೆ ಗೊತ್ತು? ನಮ್ಮ ಮನೆಗೆ ಈ ದೋಣಿ ಬಂದೇ ಇರಲಿಲ್ಲವಲ್ಲ.

ಕೇಳಿದೆ. ಬಾನಿಯ ಮೇಲಿಂದ ಕಣ್ಣು ತೆಗೆಯದೇ ಹೇಳಿದರು. ನೀನು ಕೇಳಿದ ದಿನ ಅಂಗಡಿಯವನ ಹತ್ತಿರ ಎಲ್ಲ ಕೇಳಿಕೊಂಡಿದ್ದೆ. ನೀರು ಹೇಗೆ ತುಂಬುವುದು, ಎಷ್ಟು ಎಣ್ಣೆ ಹಾಕುವುದು, ದೀಪ ಮಗುಚಿ ಬೀಳುತ್ತದಾ. ಕೊಡಿಸುವ ಅಂತಲೇ ಇದ್ದೆ. ಆದರೆ ಮಕ್ಕಳು ಒಬ್ಬೊಬ್ಬರೇ ಬೆಂಕಿಕಡ್ಡಿ ಗೀರುವ ಆಟ, ಧೈರ್ಯ ಬರಲಿಲ್ಲ.

"ಕೊಟ್ಟಿಗೆಗೆ ಸೋಗೆ ಮಾಡು, ಪಕ್ಕಕ್ಕೇ ಹುಲ್ಲು ಗೊಣಬೆ. ಒಂದು ಕಿಡಿ ಹಾರಿದ್ರೆ ಎಂತಾ ಮಾಡದು?"

ಹೌದು. ಆಗ ಕೊಟ್ಟಿಗೆಗೆ ಹಂಚು ಹಾಕಿರಲಿಲ್ಲ, ಸೋಗೆಯದೇ ಚಾವಣಿ. ಪಕ್ಕದಲ್ಲೇ ಒಣಹುಲ್ಲಿನ ಬಣವೆ. ಮಾರ್ಚ್ ತಿಂಗಳಲ್ಲಿ ಅಡಿಕೆ ಸೋಗೆ ಒಣಗಿ ಗರಿಗರಿ ಆಗಿರುತ್ತದೆ. ಬಚ್ಚಲು ಕೊಟ್ಟಿಗೆಗೆ ಅಂಟಿಕೊಂಡೇ ಇತ್ತು. ಒಳಗೆ ಎಮ್ಮೆ, ದನ ಸೇರಿ ಆರು. ದೊಡ್ಡಪ್ಪನ ಮನೆಗೆ ಅಷ್ಟರಲ್ಲಾಗಲೇ ಹಂಚಿನ ಮಾಡು ಆಗಿತ್ತು. ಇದೆಲ್ಲ ನನ್ನ ಕಣ್ಣ ಮುಂದೆಯೇ ಇದ್ದ ಸಂಗತಿ. 36 ವರ್ಷ ನಾನು ಇದನ್ನು ಒಂದು ಸಲವೂ ದೋಣಿಯ ಜೊತೆ ಸೇರಿಸಿ ನೋಡಿರಲಿಲ್ಲ.

ನಾನು ಏನಂದುಕೊಂಡಿದ್ದೆ ಅಂತ ಅಪ್ಪಯ್ಯನಿಗೆ ಹೇಳಲೋ ಬೇಡವೋ ಅನ್ನಿಸಿತು. ಹೇಳಲಿಲ್ಲ. ಅದೇ ದೋಣಿಯನ್ನು ಅಣ್ಣ ಕೇಳಿದ್ದರೆ ಕೊಡಿಸುತ್ತಿದ್ದರಾ ಅಂತ ಒಂದು ಕ್ಷಣ ಬಾಯಿಗೂ ಬಂದಿತ್ತು. ಅದನ್ನೂ ಕೇಳಲಿಲ್ಲ.

ಅಷ್ಟರಲ್ಲಿ ಕತ್ತಲಾಗಿತ್ತು. ಆಯಿ ಊಟಕ್ಕೆ ಕರೆಯುತ್ತಿದ್ದಳು, ಅವಳ ಕೈಯಲ್ಲಿ ಇವತ್ತು ತೊಡಿಸಿಕೊಂಡ ಹೊಸ ಬಳೆಯ ಸದ್ದು. ಮಗ ಬಾನಿಯ ಅಂಚಿಗೆ ಗಲ್ಲ ಊರಿ ನಿಂತಿದ್ದ. ಅವನ ಪಕ್ಕದಲ್ಲಿ ಅಪ್ಪಯ್ಯ, ಕೋಲಿನ ಮೇಲೆ ಭಾರ ಬಿಟ್ಟು. ದೋಣಿ ಸುತ್ತುತ್ತಿತ್ತು. ದೀಪದ ಬೆಳಕು ನೀರಿನ ಮೇಲೆ, ಇಬ್ಬರ ಮುಖದ ಮೇಲೆ ಬಂದು ಬಂದು ಹೋಗುತ್ತಿತ್ತು. ನಾನು ಇನ್ನೊಂದು ಬದಿಯಲ್ಲಿ ನಿಂತೆ. ಗಲ್ಲ ಊರಲು ಈಗ ಬಗ್ಗಬೇಕು. ಬಗ್ಗಿದೆ.

ಎಣ್ಣೆ ಮುಗಿಯುತ್ತಾ ಬಂತು. ಪುಟು ಪುಟು ನಿಧಾನ ಆಯಿತು, ಬಿಟ್ಟು ಬಿಟ್ಟು ಕೇಳಿಸಿತು, ನಿಂತಿತು. ಬತ್ತಿ ಕರಕಲಾಗಿ ಒಂದು ಎಳೆ ಹೊಗೆ ಎದ್ದಿತು. ಊಟಕ್ಕೆ ಹೋಗೋಣ ಅಂತ ನಾನು ದೋಣಿ ಎತ್ತಲು ಕೈ ಹಾಕಿದೆ. ಅಪ್ಪಯ್ಯ ತಡೆದರು.

"ತಡಿ ತಂಗೀ. ಇನ್ನೊಂದ್ಸಲ ಹಚ್ಚು, ನೋಡನ."