ಬಿಸಿಲಿಗೂ ವಾಟ್ಸಾಪಿಗೂ ಮಾಸದ ಹೆಸರು

ಕಲಬುರಗಿಯಲ್ಲಿ ಪೋಸ್ಟರಿನ ಮೇಲೆ ಬರೀ 'ಬ್ಯಾಂಡ್' ಅಂತ ಬರೆದರೆ ಓದುವವರ ಕಣ್ಣಿಗೆ ಕಟ್ಟುವುದು ಲಗ್ನದ ಮೆರವಣಿಗೆ: ಕೆಂಪು ಕೋಟು, ಕಹಳೆ, ಡ್ರಮ್ಮು. ಗಿಟಾರಿನ ಪಕ್ಕ ಏಕತಾರಿ ಇಟ್ಟುಕೊಂಡು ತತ್ವಪದ ಹಾಡುವ ಹುಡುಗರ ತಂಡ ಅಂತ ಯಾರಿಗೂ ಹೊಳೆಯುವುದಿಲ್ಲ. ಹಾಗಾಗಿ ಆಲ್ಬಂ ತರುವ ಇಂಥ ತಂಡದ ಹೆಸರಿನ ಕೆಳಗೆ ಒಂದು ಸಾಲು ಬೇಕೇ ಬೇಕು. 'ತತ್ವಪದ, ಗಿಟಾರ್, ಏಕತಾರಿ, ದಮ್ಮಡಿ' ಅಂದರೆ ಸಾಕು. ಆ ಸಾಲನ್ನು ಆಲ್ಬಂ ಮುಖಪುಟ, ಪೋಸ್ಟರು, ಆಟೋ ಹಿಂಬದಿ, ಯೂಟ್ಯೂಬ್ ಎಲ್ಲ ಕಡೆ ಅದೇ ಪದಗಳಲ್ಲಿ, ಅದೇ ಕ್ರಮದಲ್ಲಿ ಇಡಿ. ಒಂದು ಕಡೆ 'ಫ್ಯೂಷನ್', ಇನ್ನೊಂದು ಕಡೆ 'ಜಾನಪದ ರಾಕ್', ಮತ್ತೊಂದು ಕಡೆ 'ಭಕ್ತಿ ಸಂಗೀತ' ಅಂತ ಬರೆದರೆ ಜನರ ತಲೆಯಲ್ಲಿ ಮೂರು ತಂಡ ಆಗುತ್ತವೆ.

ತಂಡದ ಚಹರೆಗೆ ಬೇಕಾಗುವುದು ಮೂರೇ: ಹೆಸರು ಬರೆದ ರೀತಿ, ಒಂದೆರಡು ಬಣ್ಣ, ಒಂದು ಫೋಟೋ. ಅದನ್ನು ತಿನ್ನುವವು ಎರಡು, ನಮ್ಮ ಏಪ್ರಿಲ್-ಮೇ ಬಿಸಿಲು ಮತ್ತು ವಾಟ್ಸಾಪ್ ಫಾರ್ವರ್ಡು. ಈ ಎರಡರ ಕೈಗೆ ಸಿಕ್ಕ ಮೇಲೂ ಉಳಿಯುವಂಥದ್ದನ್ನಷ್ಟೇ ವಿನ್ಯಾಸದಲ್ಲಿ ಇಡಬೇಕು.

ರೆಕಾರ್ಡುಗಳು ಒಂದು ಕಾಲಕ್ಕೆ ಹೆಸರಷ್ಟೇ ಅಚ್ಚಾದ ಸಾದಾ ಕಾಗದದ ಹೊದಿಕೆಯಲ್ಲಿ ಬರುತ್ತಿದ್ದವು. 1940ರ ಸುಮಾರಿಗೆ ಕೊಲಂಬಿಯಾ ರೆಕಾರ್ಡ್ಸ್‌ನಲ್ಲಿ ಅಲೆಕ್ಸ್ ಸ್ಟೈನ್‌ವೈಸ್ ಚಿತ್ರವಿರುವ ಹೊದಿಕೆ ಮಾಡತೊಡಗಿದ ಮೇಲೆ ಹಾಡು ಕೇಳುವ ಮೊದಲೇ ಹಾಡುಗಾರರ ಬಗ್ಗೆ ಒಂದು ಅನಿಸಿಕೆ ಹುಟ್ಟುವಂತಾಯಿತು. ಪ್ರಚಾರಕಲೆ ನಮ್ಮೂರಿಗೂ ಹೊರಗಿನದಲ್ಲ. ಕಲಬುರಗಿಯ ರಂಗಮಂದಿರಕ್ಕೆ ಹೆಸರಾಗಿರುವ ಎಸ್.ಎಂ. ಪಂಡಿತರು 1916ರಲ್ಲಿ ಇಲ್ಲೇ ಹುಟ್ಟಿ, ಮುಂಬೈಯಲ್ಲಿ ಸಿನಿಮಾ ಪ್ರಚಾರದ ಚಿತ್ರಗಳಿಂದ ಹೆಸರಾದವರು. ಆ ರಂಗಮಂದಿರದಲ್ಲಿ ಕಾರ್ಯಕ್ರಮ ಕೊಡುವ ಎಷ್ಟೋ ತಂಡಗಳು ಪೋಸ್ಟರನ್ನು ಮಾತ್ರ ಕೊನೆಯ ರಾತ್ರಿ ಹೊಡೆಸುವುದು ನೋಡಿದರೆ ಸಂಕಟ ಆಗುತ್ತದೆ.

ಮೊದಲು ಹೆಸರು. ಕನ್ನಡದಲ್ಲಿ ತಾಪತ್ರಯ ಬರುವುದು ಒತ್ತಕ್ಷರದಲ್ಲಿ. 'ರಾಷ್ಟ್ರ' ಅನ್ನುವ ಪದದಲ್ಲಿ ಷಕಾರದ ಜೊತೆಗೆ ಎರಡು ಒತ್ತು ಸೇರುತ್ತವೆ. ಒತ್ತು ಸಾಮಾನ್ಯವಾಗಿ ಮೂಲ ಅಕ್ಷರದ ಅರ್ಧದಷ್ಟೇ ಇರುತ್ತದೆ. ಮುಖಪುಟ ಮೊಬೈಲಿನಲ್ಲಿ ಬೆರಳುಗುರಿನಷ್ಟಾದಾಗ ಅಕ್ಷರ ಉಳಿಯುತ್ತದೆ, ಒತ್ತು ಚುಕ್ಕೆಯಾಗುತ್ತದೆ. ಆಗ ಜನ 'ಏನ್ ಬರ್ದಾರ್ರಿ ಇದು?' ಅಂತ ಕೇಳುತ್ತಾರೆ. ಹೆಸರನ್ನು ಕೈಯಲ್ಲಿ ಬರೆಸುವುದೇ ಉತ್ತಮ. ಒತ್ತನ್ನು ಮೂಲ ಅಕ್ಷರದ ಮುಕ್ಕಾಲು ಭಾಗಕ್ಕೆ ಹಿಗ್ಗಿಸಿ, ಗೆರೆಯ ದಪ್ಪ ಎರಡಕ್ಕೂ ಒಂದೇ ಇರಲಿ, ನಡುವಿನ ಸಂದು ಗೆರೆಯ ದಪ್ಪಕ್ಕಿಂತ ಕಡಿಮೆ ಬೇಡ. ಬರೆಯುವವರು ಸಿಗದಿದ್ದರೆ ಬಾಲೂ ತಮ್ಮ, ಅನೇಕ್ ಕನ್ನಡ, ತಿರೊ ಕನ್ನಡದಂಥ ಉಚಿತ ಯೂನಿಕೋಡ್ ಫಾಂಟಿನಿಂದ ಶುರುಮಾಡಿ, ಒತ್ತನ್ನಷ್ಟೇ ತಿದ್ದಿಕೊಳ್ಳಿ.

ನುಡಿ, ಬರಹ ತಂತ್ರಾಂಶಗಳ ಹಳೆ ಫಾಂಟಿನಲ್ಲಿ ಟೈಪಾದ ಅಕ್ಷರವನ್ನು ಯೂನಿಕೋಡ್ ಫಾಂಟಿಗೆ ಬದಲಿಸಿದರೆ ಕಸ ಬರುತ್ತದೆ, ಮೊದಲು ಕನ್ವರ್ಟರಿಗೆ ಹಾಕಿ ಪರಿವರ್ತಿಸಬೇಕು. ಫೋಟೋಶಾಪ್, ಇಲಸ್ಟ್ರೇಟರಿನಲ್ಲಿ ಒತ್ತು ಒಡೆದು ಪಕ್ಕಕ್ಕೆ ನಿಂತರೆ ತಪ್ಪು ಫಾಂಟಿನದಲ್ಲ. ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಅಕ್ಷರ ಜೋಡಣೆ ಆನ್ ಆಗಿಲ್ಲ ಅಷ್ಟೇ. ಎಲ್ಲ ಮುಗಿದ ಮೇಲೆ, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಕೆಡದಂತೆ, ಅಕ್ಷರವನ್ನು ಔಟ್‌ಲೈನ್ ಮಾಡಿ ಪ್ರೆಸ್ಸಿಗೆ ಕಳಿಸಿ. ಬೀದರಿನ ತಂಡಗಳು ಹೈದರಾಬಾದಿಗೆ, ಕಲಬುರಗಿಯವರು ಸೊಲ್ಲಾಪುರಕ್ಕೆ ಕಳಿಸಿ ಹೊಡೆಸುವುದುಂಟು. ಅಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇರದಿರಬಹುದು. ಅದಕ್ಕಿಂತ ದೊಡ್ಡ ಮಾತು, ಪ್ರೆಸ್ಸಿನಲ್ಲಿ ಕನ್ನಡ ಓದುವವರೂ ಇರದಿರಬಹುದು, ಆಗ ತಪ್ಪು ಯಾರ ಕಣ್ಣಿಗೂ ಬೀಳದೆ ಸಾವಿರ ಪ್ರತಿ ಅಚ್ಚಾಗಿಬಿಡುತ್ತದೆ. ಕಾಗದದ ಪ್ರೂಫ್ (ಅಚ್ಚಿನ ಮಾದರಿ) ತರಿಸಿಕೊಂಡು, ಹಾಡಿನವರಲ್ಲದ ಒಬ್ಬರಿಂದ ಜೋರಾಗಿ ಓದಿಸಿ.

ಇಲ್ಲಿ ಉರ್ದುವೂ ಬೇಕಾಗುತ್ತದೆ. ದಖನಿ ಮಾತಾಡುವ ಕೇಳುಗರನ್ನು ಬಿಟ್ಟು ಕಲಬುರಗಿಯಲ್ಲಿ ಹಾಡುವುದು ಹೇಗೆ? ಆದರೆ ಕನ್ನಡದ ಅಳತೆಯ ಪೆಟ್ಟಿಗೆಗೆ ಉರ್ದುವಿನ ನಸ್ತಾಲೀಕ್ ಬರಹ ತುರುಕಬೇಡಿ. ಆ ಬರಹ ಬಲದಿಂದ ಎಡಕ್ಕೆ ಇಳಿಜಾರಾಗಿ ಹರಿಯುತ್ತದೆ, ಸಾಲಿನ ಎತ್ತರ ಹೆಚ್ಚುಕಡಿಮೆ ಎರಡರಷ್ಟು ಬೇಕು. ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ಒಂದೇ ಗಾತ್ರದಲ್ಲಿ ಇಟ್ಟರೆ ಅದು ಸರ್ಕಾರಿ ನಾಮಫಲಕದ ಹಾಗೆ ಕಾಣುತ್ತದೆ. ಒಂದು ಲಿಪಿ ದೊಡ್ಡದಿರಲಿ, ಇನ್ನೊಂದು ಚಿಕ್ಕದಾದರೂ ಚೊಕ್ಕವಾಗಿರಲಿ, ರೋಮನ್ ಲಿಪಿ ಸಿಡಿ ಡಬ್ಬಿಯ ಬೆನ್ನಿನ (ಬದಿಯ ಪಟ್ಟಿಯ) ಮೇಲೆ ಸಾಕು. ರೋಮನ್ ಕಾಗುಣಿತ ಮಾತ್ರ ಎಲ್ಲೆಡೆ ಒಂದೇ ಇರಬೇಕು. ಒಂದು ಕಡೆ ಉದ್ದ ಸ್ವರಕ್ಕೆ ಎರಡು ಅಕ್ಷರ, ಇನ್ನೊಂದು ಕಡೆ ಒಂದೇ ಅಕ್ಷರ ಹಾಕಿದರೆ ಹಾಡಿನ ಆ್ಯಪುಗಳಲ್ಲಿ ಎರಡು ಬೇರೆ ಕಲಾವಿದರ ಪುಟ ತೆರೆದುಕೊಳ್ಳುತ್ತದೆ.

ಇನ್ನು ಬಣ್ಣ. ಬೀದರಿನ ತಂಡಕ್ಕೆ ಬಿದ್ರಿಯ ಕಪ್ಪು-ಬೆಳ್ಳಿಯ ಆಸೆ ಸಹಜ, ಆ ಆಸೆ ಒಳ್ಳೆಯದೇ. ಬಿದ್ರಿ ಎಂದರೆ ಸತುವೇ ಹೆಚ್ಚಾಗಿ, ಸ್ವಲ್ಪ ತಾಮ್ರ ಬೆರೆತ ಲೋಹ. ಅದರಲ್ಲಿ ಕೊರೆದು ಬೆಳ್ಳಿ ತಂತಿ ಕೂರಿಸಿದರೆ ತಾರ್‌ಕಶಿ, ಬೆಳ್ಳಿ ತಗಡು ಕೂರಿಸಿದರೆ ತೆಹ್‌ನಿಶಾನ್. ಕೊನೆಗೆ ಬೀದರ್ ಕೋಟೆಯ ಮಣ್ಣಿನ ಲೇಪದಲ್ಲಿ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಅಂದರೆ ಬಿದ್ರಿಯ ಗುಟ್ಟು ಹೊಳಪಿಲ್ಲದ ಕಪ್ಪಿನ ಮೇಲೆ ತೆಳುವಾದ ಹೊಳೆಯುವ ಗೆರೆ. ಕಾಗದದಲ್ಲಿ ಇದನ್ನು ತರಲು 300ರಿಂದ 350 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಆರ್ಟ್ ಕಾರ್ಡು, ಕಪ್ಪು ಮುದ್ರಣ, ಮ್ಯಾಟ್ ಲ್ಯಾಮಿನೇಷನ್, ಅದರ ಮೇಲೆ ಬೆಳ್ಳಿ ಫಾಯಿಲು (ಒತ್ತಿ ಅಂಟಿಸುವ ಹೊಳಪಿನ ತೆಳು ಹಾಳೆ) ಬೇಕು.

ಫಾಯಿಲಿಗೆ ದೂರ ಹೋಗಬೇಕಿಲ್ಲ. ಲಗ್ನಪತ್ರಿಕೆ ಮಾಡುವ ಪ್ರೆಸ್ಸುಗಳಲ್ಲಿ ಫಾಯಿಲ್ ಒತ್ತುವ ಯಂತ್ರ, ಸ್ಕ್ರೀನ್ ಪ್ರಿಂಟು ಎರಡೂ ಸಿಗುತ್ತವೆ. ಅವರಿಗೆ ಗಣಪತಿ ಒತ್ತಿ ಅಭ್ಯಾಸ, ನಿಮ್ಮ ಬಿದ್ರಿ ಬಳ್ಳಿಯನ್ನೂ ಒತ್ತಿಕೊಡುತ್ತಾರೆ. ಗೆರೆ 0.3 ಮಿ.ಮೀ.ಗಿಂತ ಸಣ್ಣದಾದರೆ ಫಾಯಿಲು ಹಿಡಿಯದೆ ತುಂಡಾಗುತ್ತದೆ. ಎರಡು ಗೆರೆಗಳ ನಡುವೆ 0.5 ಮಿ.ಮೀ. ಇರದಿದ್ದರೆ ಸಂದು ಮುಚ್ಚಿಹೋಗುತ್ತದೆ. ಒತ್ತಕ್ಷರದ ಹೊಟ್ಟೆ ಮೊದಲು ಮುಚ್ಚುವುದೂ ಇಲ್ಲೇ. ಫಾಯಿಲು ಅರ್ಧ ಮಿ.ಮೀ. ಆಚೀಚೆ ಸರಿಯುವುದು ಮಾಮೂಲು. ಆದ್ದರಿಂದ ಅಚ್ಚಾದ ಗೆರೆಯ ಮೇಲೆಯೇ ಫಾಯಿಲು ಕೂರಬೇಕು ಅನ್ನುವ ವಿನ್ಯಾಸ ಬೇಡ, ಖಾಲಿ ಕಪ್ಪಿನ ಮೇಲೆ ಬರಲಿ.

ಬರೀ ಕಪ್ಪು ಶಾಯಿ ಕಾಗದದ ಮೇಲೆ ಬೂದು ಕಾಣುತ್ತದೆ. ದೊಡ್ಡ ಕಪ್ಪು ಜಾಗಕ್ಕೆ ಶೇಕಡಾ ಲೆಕ್ಕದಲ್ಲಿ ಸಯಾನ್ (ಹಸಿರುನೀಲಿ) 60, ಮಜೆಂಟಾ (ಕಡುಗುಲಾಬಿ) 40, ಹಳದಿ 40, ಕಪ್ಪು 100 ಹಾಕಿದರೆ ಆಳ ಬರುತ್ತದೆ. ಆದರೆ ಸಣ್ಣ ಅಕ್ಷರಕ್ಕೆ ಈ ಮಿಶ್ರಣ ಎಂದೂ ಬೇಡ. ನಾಲ್ಕು ಬಣ್ಣ ಕೂದಲೆಳೆ ಸರಿದರೂ ಹಾಡಿನ ಸಾಹಿತ್ಯ ಮಸುಕಾಗುತ್ತದೆ. ಅಕ್ಷರಕ್ಕೆ ಕಪ್ಪು 100 ಒಂದೇ. ಕಪ್ಪಿನೊಳಗಿಂದ ಬಿಳಿ ಅಕ್ಷರ ಬಿಡುವುದಾದರೆ 9 ಪಾಯಿಂಟಿಗಿಂತ ಕೆಳಗೆ ಇಳಿಯಬೇಡಿ, ದಪ್ಪ ಫಾಂಟ್ ಬಳಸಿ.

ಮಡಿಕೆಯ ಜಾಗದಲ್ಲಿ ಕಪ್ಪು ಬಿರಿದು ಬಿಳಿ ಗೆರೆ ಮೂಡುವುದು ಮ್ಯಾಟ್ ಕಪ್ಪಿನ ದೊಡ್ಡ ರೋಗ. ಕಾರಣ ಎರಡು: ಕಾರ್ಡಿನ ನಾರು ಮಡಿಕೆಗೆ ಅಡ್ಡಲಾಗಿರುವುದು, ಲ್ಯಾಮಿನೇಷನ್ ಇಲ್ಲದೆ ಮಡಿಸುವುದು. ನಾರು ಬೆನ್ನಿಗೆ ಸಮಾನಾಂತರವಾಗಿರಲಿ, ಮೊದಲು ಲ್ಯಾಮಿನೇಷನ್, ಆಮೇಲೆ ಮಡಿಕೆಗೆ ಒತ್ತುಗೆರೆ, ಆಮೇಲೆ ಮಡಿಕೆ. ಬೆರಳಚ್ಚು, ಗೀರು ಎದ್ದು ಕಾಣುತ್ತವೆ ಅನ್ನುವುದು ಮ್ಯಾಟ್ ಕಪ್ಪಿನ ಇನ್ನೊಂದು ದೂರು, ಗೀರು ತಡೆಯುವ ಲ್ಯಾಮಿನೇಷನ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ಹಾಕಿಸಿ.

ಮುಖಪುಟಕ್ಕೆ ನಿಜವಾದ ಬಿದ್ರಿ ಬಿಲ್ಲೆ ಅಂಟಿಸುವ ಯೋಚನೆ ಬಂದರೆ ರೋಲಿಂಗ್ ಸ್ಟೋನ್ಸ್ ತಂಡದ 1971ರ ಆಲ್ಬಂ ನೆನಪಿರಲಿ. ಅದರ ಹೊದಿಕೆಗೆ ನಿಜವಾದ ಜಿಪ್ಪು ಕೂರಿಸಿದ್ದರು. ಪ್ರತಿಗಳನ್ನು ಒಂದರ ಮೇಲೊಂದು ಪೇರಿಸಿ ಸಾಗಿಸಿದಾಗ ಜಿಪ್ಪು ಒತ್ತಿ ರೆಕಾರ್ಡು ಹಾಳಾಗತೊಡಗಿತು. ಕೊನೆಗೆ ಜಿಪ್ಪನ್ನು ಅರ್ಧಕ್ಕೆ ಎಳೆದಿಟ್ಟು, ಒತ್ತಡ ನಡುವಿನ ಲೇಬಲ್ ಮೇಲೆ ಬೀಳುವಂತೆ ಮಾಡಿದರು. ಲೋಹ ಬೇಕೇ ಬೇಕಾದರೆ ಪೆಟ್ಟಿಗೆಯ ಒಳಗೆ ಬೇರೆ ಕಿಸೆಯಲ್ಲಿಡಿ. ಬಿದ್ರಿಗೆ ಭೌಗೋಳಿಕ ಗುರುತು (ಜಿಐ) ಇದೆ, ಮಾಡುವ ಕುಟುಂಬಗಳು ಬೀದರಿನಲ್ಲೇ ಇವೆ. ಇಂಟರ್ನೆಟ್ಟಿನಿಂದ ಬಳ್ಳಿ ಎತ್ತಿಕೊಳ್ಳುವ ಬದಲು ಕುಶಲಕರ್ಮಿಯಿಂದ ಹೊಸ ನಕ್ಷೆ ಬರೆಸಿ, ದುಡ್ಡು ಕೊಡಿ, ಹೆಸರು ಅಚ್ಚು ಹಾಕಿ.

ಕಲಬುರಗಿ, ಯಾದಗಿರಿಯವರು ಬಿದ್ರಿಯನ್ನು ಎರವಲು ತರಬೇಕಿಲ್ಲ. ಶಹಾಬಾದ್ ಕಲ್ಲಿನ ಬೂದು ಇದೆಯಲ್ಲ, ಮನೆಮನೆಯ ಫರಸಿ. ಒಣ ಕಲ್ಲು ತಿಳಿ ಬೂದು, ನೀರು ಹಾಕಿದರೆ ಗಾಢ ಬೂದು. ಒಂದೇ ಕಲ್ಲಿನ ಎರಡು ಛಾಯೆ ಮುಖಪುಟ ಮತ್ತು ಹಿಂಬದಿಗೆ ಸಾಲುತ್ತದೆ. ಅದರ ಮೇಲೆ ಒಂದೇ ಒಂದು ಗಟ್ಟಿ ಬಣ್ಣ.

ಫೋಟೋಕ್ಕೆ ಕೋಟೆ ಗೋಡೆ ಬೇಡ ಅನ್ನುವುದು ನಮ್ಮ ಖಡಾಖಂಡಿತ ಅಭಿಪ್ರಾಯ. ಎಲ್ಲ ತಂಡ ಅಲ್ಲೇ ನಿಂತು ತೆಗೆಸಿಕೊಂಡಿದೆ, ಮದುವೆಗೆ ಮೊದಲಿನ ಫೋಟೋಗಳೂ ಅಲ್ಲೇ. ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದಲ್ಲಿ ಟ್ರೈಪಾಡ್ ಇಟ್ಟು ವಾಣಿಜ್ಯ ಚಿತ್ರೀಕರಣಕ್ಕೆ ಅನುಮತಿಯೂ ಬೇಕು. ಮಧ್ಯಾಹ್ನದ ಬಿಸಿಲಲ್ಲಿ ಕಣ್ಣಿನ ಕೆಳಗೆ ಕಪ್ಪು ಗುಳಿ ಬೀಳುತ್ತದೆ. ಸೂರ್ಯ ಹುಟ್ಟಿದ ಮೊದಲ ಒಂದು ತಾಸು, ಅಥವಾ ಪಡಸಾಲೆಯ ನೆರಳಲ್ಲಿ ಬಾಗಿಲ ಬೆಳಕು. ಐದು ಜನ ಸಾಲಾಗಿ ನಿಂತ ಫೋಟೋ ಚಿಕ್ಕದಾದಾಗ ಐದು ಕಡ್ಡಿ. ಒಂದು ಮುಖ ಅಥವಾ ಏಕತಾರಿ ಹಿಡಿದ ಒಂದು ಕೈ ಉಗುರಿನಷ್ಟಾದರೂ ಗುರುತು ಸಿಗುತ್ತದೆ.

ಅಳತೆಗಳು. ಸಿಡಿ ಡಬ್ಬಿಯ ಮುಂದಿನ ಪುಸ್ತಿಕೆ ಸುಮಾರು 120×120 ಮಿ.ಮೀ., ಹಿಂದಿನ ಕಾರ್ಡು 151×118, ಅದರಲ್ಲಿ ಎರಡೂ ಕಡೆ 6.5 ಮಿ.ಮೀ. ಬೆನ್ನು. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು), ಅಕ್ಷರ ಅಂಚಿನಿಂದ 4 ಮಿ.ಮೀ. ಒಳಗೆ, 300 ಡಿಪಿಐ. ಪುಸ್ತಿಕೆಗೆ ಪಿನ್ ಹೊಡೆಯುವುದಾದರೆ ಪುಟಸಂಖ್ಯೆ ನಾಲ್ಕರ ಗುಣಕದಲ್ಲಿರಬೇಕು. ಒಂಬತ್ತು ಪುಟದ ಸಾಹಿತ್ಯ ಕೊಟ್ಟರೆ ಮೂರು ಪುಟ ಖಾಲಿ ಉಳಿಯುತ್ತವೆ. ಸಿಡಿ ಈಗ ಕೇಳುವುದಕ್ಕಿಂತ ಕೈಯಲ್ಲಿ ಹಿಡಿಯುವ ವಸ್ತು. ಅದಕ್ಕೇ ಪುಸ್ತಿಕೆಗೆ ಹೆಚ್ಚು ಖರ್ಚು ಮಾಡಿ: ಪದದ ಪೂರ್ತಿ ಸಾಹಿತ್ಯ, ಪದಕಾರರ ಅಂಕಿತ, ಕಠಿಣ ಪದಗಳ ಅರ್ಥ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದ ಹಾಡಿದರೆ ಆ ಹೆಸರು ಹಾಡುಗಾರರ ಹೆಸರಿಗಿಂತ ಚಿಕ್ಕದಿರಬಾರದು.

ಸಿಡಿ ಬದಲು ಕ್ಯೂಆರ್ ಇರುವ ಕಾರ್ಡು ಕೊಡುವವರಿಗೆ: ಕೋಡು 2 ಸೆಂ.ಮೀ.ಗಿಂತ ಚಿಕ್ಕದು ಬೇಡ, ಸುತ್ತ ಕೋಡಿನ ನಾಲ್ಕು ಸಣ್ಣ ಚೌಕದಷ್ಟು ಖಾಲಿ ಜಾಗ ಬಿಡಿ. ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಿ ಕೋಡು ಅಂದವಾಗಿ ಕಾಣುತ್ತದೆ, ಆದರೆ ಎಷ್ಟೋ ಫೋನು ಅದನ್ನು ಓದುವುದಿಲ್ಲ. ಬಿಳಿ ಚೌಕದಲ್ಲಿ ಕಪ್ಪು ಕೋಡೇ ಇರಲಿ. ಗೋಡೆಯ ಪೋಸ್ಟರಿನಲ್ಲಿ ಓದುವ ದೂರದ ಹತ್ತನೇ ಒಂದು ಭಾಗ ಕೋಡಿನ ಅಗಲ, ಎರಡು ಮೀಟರ್ ದೂರಕ್ಕೆ 20 ಸೆಂ.ಮೀ.

ಫೋನಿನಲ್ಲಿ ಕಾಣುವ ಆಲ್ಬಂ ಮುಖಪುಟ 3000×3000 ಪಿಕ್ಸೆಲ್, ಪರದೆಯ ಬಣ್ಣಕ್ರಮವಾದ ಆರ್‌ಜಿಬಿ. ಅದರಲ್ಲಿ ಬೆಲೆ, ಫೋನ್ ನಂಬರು, ವೆಬ್ ವಿಳಾಸ ಹಾಕಿದರೆ ಹಾಡಿನ ಆ್ಯಪುಗಳು ವಾಪಸ್ ಕಳಿಸುತ್ತವೆ. ಫಾಯಿಲಿನ ಹೊಳಪು ಪರದೆಯಲ್ಲಿ ಬರುವುದಿಲ್ಲ. ಬೆಳ್ಳಿಯ ಹಾಗೆ ಕಾಣಲಿ ಅಂತ ಬಣ್ಣ ಮೆಲ್ಲಗೆ ಬದಲಾಗುವ ಗ್ರೇಡಿಯೆಂಟ್ ಹಾಕಿದರೆ ವಾಟ್ಸಾಪಿನಲ್ಲಿ ಪಟ್ಟೆ ಪಟ್ಟೆಯಾಗುತ್ತದೆ, ಅದರ ಬದಲು ಒಂದೇ ತಿಳಿ ಬೂದು ಸಾಕು. ಯೂಟ್ಯೂಬ್ ಚಿತ್ರದ (1280×720) ಬಲ ಕೆಳಮೂಲೆಯಲ್ಲಿ ಹಾಡಿನ ಅವಧಿ ಕೂರುತ್ತದೆ, ಅಲ್ಲಿ ಏನೂ ಇಡಬೇಡಿ. ಪರೀಕ್ಷೆ ಸುಲಭ: ಚಿತ್ರವನ್ನು ಮೂರು ಫೋನಿಗೆ ಒಂದರಿಂದೊಂದಕ್ಕೆ ಕಳಿಸಿ, ಪ್ರತಿ ಸಲ ಸ್ಕ್ರೀನ್‌ಶಾಟ್ ತೆಗೆದು ಮುಂದೆ ದಾಟಿಸಿ, ಕೊನೆಯದನ್ನು 64 ಪಿಕ್ಸೆಲಿಗೆ ಇಳಿಸಿ ನೋಡಿ. ಹೆಸರು ಓದಲು ಬಂದರೆ ಆಯಿತು.

ಗೋಡೆಯ ವಿಷಯಕ್ಕೆ ಬಂದರೆ, 20×30 ಇಂಚಿನ ಡಬಲ್ ಕ್ರೌನ್ ಪೋಸ್ಟರು ಊರ ಚೌಕಕ್ಕೆ, ಬಸ್ ನಿಲ್ದಾಣದ ಆಸುಪಾಸಿಗೆ ಸರಿಹೊಂದುತ್ತದೆ. ಎರಡೂ ಬದಿ ನಯವಾದ ಆರ್ಟ್ ಪೇಪರು ಮೈದಾ ಅಂಟನ್ನು ಹೀರುವುದಿಲ್ಲ, ಮರುದಿನವೇ ಸುರುಳಿ ಸುತ್ತುತ್ತದೆ. ಒಂದು ಬದಿ ಮಾತ್ರ ನಯವಿರುವ ಪೋಸ್ಟರ್ ಪೇಪರು ತೆಗೆದುಕೊಳ್ಳಿ. ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿದರೆ ಹುಳ ಹಿಡಿಯುವುದಿಲ್ಲ, ಅದು ವಿಷ, ಕೈಗವಸು ಹಾಕಿಕೊಂಡು ಕಲಸಬೇಕು.

ಇನ್ನು ಬಿಸಿಲು. ಸಾಮಾನ್ಯ ಶಾಯಿಯಲ್ಲಿ ಮೊದಲು ಹಾರುವುದು ಹಳದಿ ಮತ್ತು ಮಜೆಂಟಾ, ಉಳಿಯುವುದು ಸಯಾನ್ ಮತ್ತು ಕಪ್ಪು. ಅದಕ್ಕೇ ಹಳೆ ಪೋಸ್ಟರುಗಳ ಮುಖಗಳೆಲ್ಲ ನೀಲಿ. ಕೆಂಪು ಅಕ್ಷರದಲ್ಲಿ ಬರೆದ ದಿನಾಂಕ ಕಾರ್ಯಕ್ರಮಕ್ಕೆ ಮೊದಲೇ ಮಾಯ. ಹೆಸರು ಮತ್ತು ದಿನಾಂಕ ಕಪ್ಪಿನಲ್ಲಿ, ಕೆಂಪು-ಹಳದಿ ಅಲಂಕಾರಕ್ಕೆ ಮಾತ್ರ. ಸಂಶಯವಿದ್ದರೆ ಒಂದು ಪ್ರತಿಯನ್ನು ಪಡುವಣ ಗೋಡೆಗೆ ಹದಿನೈದು ದಿನ ಮುಂಚೆ ಅಂಟಿಸಿ ನೋಡಿ.

ಫ್ಲೆಕ್ಸ್ ಬೇಡ. ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರಿಗೆ ನಿಷೇಧ ಇದೆ. ಬಟ್ಟೆ ಬ್ಯಾನರು ಬರೆಸಿ, ಗಾಳಿ ಹಾಯಲು ನಾಲ್ಕೈದು ಕಡೆ ಅರ್ಧಚಂದ್ರದ ಸೀಳು ಕೊಟ್ಟರೆ ಹರಿಯುವುದಿಲ್ಲ. ಸಾರ್ವಜನಿಕರ ಕಣ್ಣಿಗೆ ಬೀಳುವ ಗೋಡೆಗೆ ಪೋಸ್ಟರು ಅಂಟಿಸುವ ಮೊದಲು ಪಾಲಿಕೆ ಅಥವಾ ನಗರಸಭೆಯ ಅನುಮತಿ ತೆಗೆದುಕೊಳ್ಳಿ. ಆಟೋ ಮೈಕಿಗೆ 20 ಸೆಕೆಂಡಿನ ಮಾತು: ಹೆಸರು, ಆ ಒಂದು ಸಾಲು, ದಿನ, ಜಾಗ, ಮತ್ತೆ ಹೆಸರು, ಕೊನೆಗೆ ಏಕತಾರಿಯ ನಾಲ್ಕು ಮೀಟು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಹಚ್ಚುವಂತಿಲ್ಲ. ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸಿನ ಜನಸಂದಣಿಯಲ್ಲಿ ಕರಪತ್ರಕ್ಕಿಂತ ಬಟ್ಟೆಯ ಕೈಚೀಲ ಒಳ್ಳೆಯದು. ಒಂದೇ ಬಣ್ಣದ ಸ್ಕ್ರೀನ್ ಪ್ರಿಂಟಿನಲ್ಲಿ ಹೆಸರು ಇದ್ದರೆ ಆ ಚೀಲ ವರ್ಷಗಟ್ಟಲೆ ಸಂತೆಗೆ ಹೋಗಿಬರುತ್ತದೆ.

ಕೆಲಸದ ಕ್ರಮ ಹೀಗಿರಲಿ. ಬಿಡುಗಡೆಗೆ ಎಂಟು ವಾರ ಮೊದಲು ಹೆಸರಿನ ಬರಹ, ಆರು ವಾರಕ್ಕೆ ಫೋಟೋ, ಐದು ವಾರಕ್ಕೆ ಪ್ರೂಫ್, ನಾಲ್ಕು ವಾರಕ್ಕೆ ಹಾಡು ಮತ್ತು ಮುಖಪುಟ ವಿತರಕರಿಗೆ (ಹಾಡನ್ನು ಆ್ಯಪುಗಳಿಗೆ ಏರಿಸುವವರಿಗೆ). ಸ್ಪಾಟಿಫೈ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡು ತೋರಿಸುವುದಾದರೆ ಬಿಡುಗಡೆಗೆ ಕನಿಷ್ಠ 7 ದಿನ ಮೊದಲೇ ಕಳಿಸಬೇಕು. ಪೋಸ್ಟರು ಹತ್ತು ದಿನ ಮೊದಲು ಸಾಕು. ಅದಕ್ಕಿಂತ ಮುಂಚೆ ಅಂಟಿಸಿದ್ದರ ಮೇಲೆ ಬೇರೆಯವರ ಪೋಸ್ಟರು ಕೂತಿರುತ್ತದೆ.

ಎಲ್ಲ ಮುಗಿದ ಮೇಲೆ ಫಾಯಿಲ್ ಒತ್ತುವ ಅಚ್ಚಿನ ಬ್ಲಾಕನ್ನು ಪ್ರೆಸ್ಸಿನಿಂದ ಕೇಳಿ ತನ್ನಿ, ಅದಕ್ಕೆ ದುಡ್ಡು ಕೊಟ್ಟವರು ನೀವು. ಕಾಗದದ ಹೆಸರು, ಜಿಎಸ್‌ಎಂ, ಶಾಯಿಯ ಅಂಕಿಗಳು, ಫಾಯಿಲಿನ ನಂಬರು ಒಂದು ಚೀಟಿಯಲ್ಲಿ ಬರೆದು, ಒಂದು ಒಳ್ಳೆ ಪ್ರತಿಯ ಜೊತೆ ಕತ್ತಲಲ್ಲಿ ಎತ್ತಿಡಿ. ಎರಡನೇ ಆಲ್ಬಂ ಹೊತ್ತಿಗೆ ಅದೇ ಬೆಳ್ಳಿ ಬೇಕಾಗುತ್ತದೆ.